ಬಿಚ್ಚದ ಹೊಲಿಗೆ

ಹೊಲಿಗೆ ಕೋಣೆಯಲ್ಲಿ ಅವಳನ್ನು ಎಲ್ಲರೂ ಪಿನ್ನಕ್ಕ ಎಂದೇ ಕರೆಯುತ್ತಿದ್ದರು. ಬೆಳಗಿನಿಂದ ಸಂಜೆಯವರೆಗೆ ತುಟಿಗಳ ನಡುವೆ ನಾಲ್ಕಾರು ಗುಂಡುಪಿನ್ನು ಕಚ್ಚಿಕೊಂಡೇ ಇರುವವಳಿಗೆ ಬೇರೆ ಯಾವ ಹೆಸರು ಒಪ್ಪೀತು? ಏನು ಕೇಳಿದರೂ ‘ಹ್ಞೂಂ’ ಇಲ್ಲವೇ ‘ಉಹ್ಞೂಂ’. ಹತ್ತೊಂಬತ್ತು ವರ್ಷದಲ್ಲಿ ಮೇಡಂ ಜತೆ ಒಂದು ದಿನವೂ ಜಗಳವಾಗಿರಲಿಲ್ಲ. ಬಾಯೇ ಬಿಡದವಳ ಜತೆ ಯಾರು ತಾನೇ ಜಗಳವಾಡುತ್ತಾರೆ!

ಮೇಡಂ ಎಂದರೆ ಹೆಸರಾಂತ ವಸ್ತ್ರ ವಿನ್ಯಾಸಕಿ. ವರ್ಷಕ್ಕೊಮ್ಮೆ ನಡೆಯುವ ಫ್ಯಾಷನ್ ವೀಕಿನಲ್ಲಿ ಅವರದೊಂದು ಪ್ರದರ್ಶನ ಇದ್ದೇ ಇರುತ್ತಿತ್ತು. ಆ ದಿನ ಹೊಲಿಗೆ ಕೋಣೆಯ ಒಬ್ಬರಿಗೆ ಮುಂದಿನ ಸಾಲಿನಲ್ಲಿ ಒಂದು ಕುರ್ಚಿ. ಯಾರಿಗೆ ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸುತ್ತಿದ್ದರು. ಅಷ್ಟು ವರ್ಷವೂ ಕೈಕೊಟ್ಟಿದ್ದ ಚೀಟಿ ಈ ಸಲ ಪಿನ್ನಕ್ಕನ ಹೆಸರಿಗೆ ಬಂದಿತ್ತು.

“ಅಂಗಡೀಲಿ ತಗೊಂಡಿದ್ದನ್ನ ಹಾಕ್ಕೊಂಡು ಬರಬೇಡಿ ಪಿನ್ನಕ್ಕ. ನಮ್ಮ ಕೋಣೆಯವರು ಅಂತ ನೋಡಿದ ಕೂಡಲೇ ಗೊತ್ತಾಗಬೇಕು,” ಎಂದಿದ್ದರು ಮೇಡಂ.

ಹೇಳುವುದು ಸುಲಭ. ಪಿನ್ನಕ್ಕನ ಬೀರುವಿನಲ್ಲಿದ್ದದ್ದು ಕೆಲಸಕ್ಕೆ ಹಾಕುವ ನಾಲ್ಕು ಜತೆ ಬಟ್ಟೆ. ಊರಿನವರಿಗೆಲ್ಲ ಹೊಲಿದುಕೊಟ್ಟವಳಿಗೆ ತನಗೆ ಹೊಲಿದುಕೊಳ್ಳಲು ಪುರುಸೊತ್ತೆಲ್ಲಿ? ಹೀಗೆ ತಲೆ ಕೆರೆದುಕೊಳ್ಳುತ್ತಿದ್ದಾಗ ಕಣ್ಣಿಗೆ ಬಿದ್ದದ್ದು ಮೂಲೆಯ ಬುಟ್ಟಿ.

ಆ ಬುಟ್ಟಿಯ ವಿಷಯ ಸ್ವಲ್ಪ ಹೇಳಬೇಕು. ಬೆಲೆಬಾಳುವ ರೇಷ್ಮೆಗೆ ಕತ್ತರಿ ಹಾಕುವ ಮೊದಲು ಅದೇ ಅಳತೆಯಲ್ಲಿ ಅಗ್ಗದ ಕೋರಾ ಬಟ್ಟೆಯ ಒಂದು ಉಡುಪು ಹೊಲಿಯುತ್ತಾರೆ. ಮೇಡಂ ಅದನ್ನು ಒಳಮೈ ಹೊರಗಾಗಿ ತೊಡಿಸಿ ನೋಡುವವರು; ಹೊಲಿಗೆಯ ಸುಳ್ಳೆಲ್ಲ ಒಳಗೇ ಇರುತ್ತದೆ ಎಂದು ಅವರ ನಂಬಿಕೆ. ಕಪ್ಪು ಮಾರ್ಕರ್ ಪೆನ್ನಿನಲ್ಲಿ ಅಲ್ಲಲ್ಲಿ ಗೀಚಿ ತಿದ್ದುತ್ತಾರೆ. ಬೇಡವೆನಿಸಿದರೆ ಕತ್ತಿನ ಬಳಿ ಕೆಂಪು ದಾರದ ಒಂದು ಹೊಲಿಗೆ ಹಾಕಿಸಿ ಬುಟ್ಟಿಗೆ ಎಸೆಯುತ್ತಾರೆ. ಬುಟ್ಟಿಯಲ್ಲಿದ್ದದ್ದನ್ನು ಯಾರು ಬೇಕಾದರೂ ಒರೆಸುವ ಬಟ್ಟೆಗೋ ದಿಂಬಿನ ಚೀಲಕ್ಕೋ ಒಯ್ಯಬಹುದು, ಆದರೆ ಹೊಲಿಗೆ ಪೂರಾ ಬಿಚ್ಚಿ, ತುಂಡು ತುಂಡು ಮಾಡಿ ಒಯ್ಯಬೇಕು. ಇಡಿಯ ಉಡುಪು ಬಾಗಿಲು ದಾಟಿತೋ, ಅದು ಕಳ್ಳತನ. ಹಿಂದೆ ಒಬ್ಬಾಕೆ ಬಿಚ್ಚದ ಒಂದು ರವಿಕೆ ಒಯ್ದದ್ದು ಗೊತ್ತಾಗಿ ಮಧ್ಯಾಹ್ನದ ಊಟಕ್ಕೂ ನಿಲ್ಲಿಸದೆ ಮನೆಗೆ ಕಳಿಸಿದ್ದರು.

ಇದೆಲ್ಲ ಪಿನ್ನಕ್ಕನಿಗೆ ಗೊತ್ತಿಲ್ಲವೇ? ಬೇರೆಯವರಿಗೆ ಕಲಿಸಿದವಳೇ ಅವಳು. ಆದರೆ ಬುಟ್ಟಿಯ ತಳದಲ್ಲಿ ಸಿಕ್ಕಿದ್ದು ಅವಳೇ ಹೊಲಿದ ಉದ್ದನೆಯ ನಿಲುವಂಗಿ. ಎಡಭುಜದಿಂದ ಬಲಸೊಂಟಕ್ಕೆ ಓರೆಯಾಗಿ ಇಳಿಯುವ ಕಾಲರು, ಎಲ್ಲೂ ಗುಂಡಿ ಕಾಣದಂಥ ಮುಚ್ಚುಪಟ್ಟಿ. ಆ ಕಾಲರೊಂದಕ್ಕೇ ಮೂರು ದಿನ ಕೂತಿದ್ದಳು. ಬ್ಲೇಡು ಹಿಡಿದು ಕೈ ಎತ್ತಿದಳು, ಇಳಿಸಿದಳು, ಮತ್ತೆ ಎತ್ತಿದಳು. ಕರುಳು ಒಪ್ಪಲಿಲ್ಲ. ಬೇರೆ ಚಿಂದಿಯ ನಡುವೆ ಮಡಚಿಟ್ಟು ಮನೆಗೆ ತಂದೇಬಿಟ್ಟಳು.

ಕೆಂಪು ದಾರ ಕಿತ್ತು, ಇಟ್ಟಿಗೆ ಬಣ್ಣದಲ್ಲಿ ಅದ್ದಿ, ನೆರಳಿನಲ್ಲಿ ಒಣಗಿಸಿದಳು. “ಬಕೆಟ್ಟೂ ಕೆಂಪು, ಬಚ್ಚಲೂ ಕೆಂಪು. ನೋಡಿದೋರು ಈ ಮನೇಲಿ ಅತ್ತೆಗೆ ಏನೋ ಆಗಿದೆ ಅಂದ್ಕೋತಾರೆ,” ಎಂದು ಅತ್ತೆ ಗೊಣಗಿದರು. ಕಾಲೇಜಿಗೆ ಹೋಗುವ ಮಗಳು ಮಾತ್ರ ಅಮ್ಮನನ್ನು ಕನ್ನಡಿಯ ಮುಂದೆ ನಾಲ್ಕು ಸುತ್ತು ತಿರುಗಿಸಿದಳು. “ಅಮ್ಮಾ, ಇದನ್ನ ಹಾಕ್ಕೊಂಡ್ರೆ ನೀನು ಹೊಲಿಯೋಳ ಥರ ಅಲ್ಲ, ಹೊಲಿಸ್ಕೊಳ್ಳೋಳ ಥರ ಕಾಣ್ತೀಯ!” ಪಿನ್ನಕ್ಕ ನಾಚಿ ನೀರಾದಳು. ಆ ಮನೆ ನಡೆಯುತ್ತಿದ್ದದ್ದು ಅವಳೊಬ್ಬಳ ದುಡಿಮೆಯಲ್ಲಿ. ಮೂವರಲ್ಲಿ ಯಾರೂ ಅದನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಪ್ರದರ್ಶನ ಸಂಜೆ ನಾಲ್ಕಕ್ಕೆ. ಸಭಾಂಗಣದ ಬಾಗಿಲಲ್ಲಿ ಕ್ಯಾಮೆರಾದವರ ಹಿಂಡು. ಪಿನ್ನಕ್ಕ ತಲೆತಗ್ಗಿಸಿ ನುಸುಳಿಹೋಗುವ ಹೊತ್ತಿಗೆ ಒಬ್ಬ ಕೂಗಿದ: “ಮೇಡಂ, ಈ ಕಡೆ! ಈ ಕಾಲರ್ ಯಾರದ್ದು?”

ತನ್ನನ್ನು ಯಾರಾದರೂ ಮೇಡಂ ಎಂದದ್ದು ಅದೇ ಮೊದಲು. ಬಾಯಲ್ಲಿ ಪಿನ್ನೂ ಇರಲಿಲ್ಲ ನೋಡಿ, ನಾಲಿಗೆ ತಾನಾಗಿ ಸಡಿಲಾಯಿತು. “ನಾನೇ ಹೊಲಿದಿದ್ದು,” ಎಂದಳು. ಫಳಕ್ಕೆಂದು ಹತ್ತು ಬೆಳಕು ಒಟ್ಟಿಗೆ ಮಿಂಚಿದವು.

ಉಬ್ಬಿದ ಎದೆ ಇಳಿಯುವ ಮೊದಲೇ ಒಳಬಾಗಿಲಿನಿಂದ ಕತ್ತರಿ ಮಾಸ್ತರರು ಬಂದರು. ಬಟ್ಟೆ ಕತ್ತರಿಸುವ ಹಿರಿಯರು ಅವರು, ಮೇಡಂ ಬಲಗೈ. ಪಿನ್ನಕ್ಕನಿಗೆ ಕುರ್ಚಿಯ ಚೀಟಿ ಕೊಡಲು ಚಾಚಿದ ಕೈ ಅರ್ಧದಲ್ಲೇ ನಿಂತಿತು. ಕಣ್ಣು ಕಾಲರಿನ ಮೇಲಿತ್ತು. ಮುಖ ಬಿಳಿಚಿಕೊಂಡಿತ್ತು.

“ಇದು ನಿಮ್ಮ ಹತ್ರ ಹೇಗೆ ಬಂತು?”

“ಬುಟ್ಟೀಲಿತ್ತು ಮಾಸ್ಟ್ರೇ. ಕೆಂಪು ದಾರ ಇತ್ತು.”

“ಇತ್ತು. ಎರಡು ದಿನ ಬಿಟ್ಟು ಮೇಡಂ ಮನಸ್ಸು ಬದಲಾಯ್ತು.” ಮಾಸ್ತರರು ಅತ್ತಿತ್ತ ನೋಡಿ ದನಿ ತಗ್ಗಿಸಿದರು. “ಕೊನೇ ಉಡುಪು ಇದೇ ಪಿನ್ನಕ್ಕ.”

ಪ್ರದರ್ಶನದ ಕೊನೇ ಉಡುಪು ಎಂದರೆ ಮೇಡಂ ಪ್ರಾಣ. ಬಾಗಿಲು ಹಾಕಿಕೊಂಡು ಮಾಸ್ತರರೂ ಅವರೂ ಇಬ್ಬರೇ ಮಾಡುತ್ತಾರೆ. ವೇದಿಕೆಗೆ ಬರುವ ತನಕ ಹೊಲಿಗೆ ಕೋಣೆಯವರಿಗೂ ಅದರ ಒಂದು ನೂಲು ಕಾಣಿಸುವುದಿಲ್ಲ.

“ತಿದ್ದಿದ್ದೆಲ್ಲ ಆ ಕೋರಾದ ಮೇಲೇ ಇತ್ತು. ಬುಟ್ಟಿಯೆಲ್ಲ ಜಾಲಾಡಿದೆ. ಯಾಕೆ ಹುಡುಕ್ತೀರಿ ಅಂತ ಕೇಳ್ತಾರಲ್ಲ, ಅದಕ್ಕೆ ಯಾರನ್ನೂ ಕೇಳೋ ಹಾಗಿರಲಿಲ್ಲ. ಯಾರೋ ಬಿಚ್ಚಿ ನೆಲ ಒರೆಸ್ತಿದ್ದಾರೆ ಅಂದ್ಕೊಂಡು ನೆನಪಿನ ಮೇಲೇ ರೇಷ್ಮೆ ಕತ್ತರಿಸಿದೆ.” ಮಾಸ್ತರರು ಒಳಬಾಗಿಲಿನತ್ತ ನೋಡಿದರು. “ಮೇಡಂ ಕಣ್ಣಿಗೆ ಬೀಳೋ ಮೊದಲು ಮನೆಗೆ ಹೋಗಿ.”

“ಬಾಗಿಲಲ್ಲಿ ಫೋಟೋ ತೆಗೆದ್ರು ಮಾಸ್ಟ್ರೇ. ನಾನೇ ಹೊಲಿದಿದ್ದು ಅಂತ ಬೇರೆ ಹೇಳಿಬಿಟ್ಟೆ.”

ಮಾಸ್ತರರು ಹಣೆ ಹಣೆ ಚಚ್ಚಿಕೊಂಡರು. ಒಳಗಿನಿಂದ ಯಾರೋ ಅವರನ್ನು ಕರೆದರು. ಚೀಟಿಯನ್ನು ಅವಳ ಕೈಗೆ ತುರುಕಿ ಓಡಿದರು.

ಭಯ ಎಂದರೆ ಏನು ಎಂದು ಪಿನ್ನಕ್ಕನಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಇದು ಬೇರೆ ಥರದ್ದು. ಹೊರಬಾಗಿಲ ಕಡೆ ತಿರುಗಿದರೆ ಅಲ್ಲಿ ಅದೇ ಕ್ಯಾಮೆರಾಗಳು. ಹೋದರೆ ಮುಂದಿನ ಸಾಲಿನಲ್ಲಿ ಖಾಲಿ ಕುರ್ಚಿ, ಪರದೆಯ ಸಂದಿನಿಂದ ಮೇಡಂ ಮೊದಲು ಎಣಿಸುವುದೇ ಆ ಕುರ್ಚಿಗಳನ್ನು. ಅಂಗಿಯನ್ನು ಕಳಚಿಡೋಣವೆಂದರೆ ಒಳಗಿದ್ದದ್ದು ತೋಳಿಲ್ಲದ, ಕಂಕುಳಲ್ಲಿ ತೇಪೆ ಹಾಕಿದ ಹಳೇ ಬನಿಯನ್ನು. ಮೇಲಿನದು ಇಷ್ಟು ಚೆನ್ನಾಗಿರುವಾಗ ಒಳಗಿನದನ್ನು ಯಾರು ನೋಡುತ್ತಾರೆ ಎಂದುಕೊಂಡಿದ್ದಳು, ಪುಣ್ಯಾತ್ಗಿತ್ತಿ.

ಶೌಚಾಲಯಕ್ಕೆ ನುಗ್ಗಿ ಚಿಲಕ ಹಾಕಿದಳು. ಅಂಥ ಹೊತ್ತಿನಲ್ಲೂ ಹೊಲಿಗೆಯವಳ ತಲೆ ಹೊಲಿಗೆಯ ದಾರಿಯಲ್ಲೇ ಓಡಿತು: ತಿರುವಿ ಹಾಕಿದರೆ? ಒಳಮೈ ಹೊರಗಾದರೆ ಕಾಲರು ಒಳಗೆ ಮಡಚಿಕೊಳ್ಳುತ್ತದೆ, ಓರೆ ಬಲಭುಜದಿಂದ ಎಡಸೊಂಟಕ್ಕೆ ತಿರುಗುತ್ತದೆ, ಆಕಾರವೇ ಬದಲು. ಹಾಗೇ ಮಾಡಿದಳು. ಕನ್ನಡಿ ನೋಡಿದಾಗ ಅಳು ಬಂತು. ಮಡಚಿ ಹೊಲಿಯದ ಅಂಚುಗಳಿಂದ ನೂಲು ಇಳಿಬಿದ್ದಿದ್ದವು. ಇಟ್ಟಿಗೆ ಬಣ್ಣದ ಮೇಲೆ ಮೇಡಂ ಕಪ್ಪು ಗೀಚುಗಳು: ಬಾಣದ ಗುರುತು, ‘ಅರ್ಧ ಇಂಚು ಬಿಡಿ’, ಎದೆಯ ನಡುವೆ ದಪ್ಪಕ್ಷರದಲ್ಲಿ ‘ಬೇಡ’.

ಪಿನ್ನಕ್ಕ ಕೈಚೀಲವನ್ನು ‘ಬೇಡ’ದ ಮೇಲೆ ಒತ್ತಿಹಿಡಿದು ಬಂದು ಕೂತಳು.

ಪಕ್ಕದ ಕುರ್ಚಿಯಲ್ಲಿ ದಪ್ಪ ಕನ್ನಡಕದ ಪತ್ರಕರ್ತೆಯೊಬ್ಬಳು. ಅವಳ ನೋಟ ಪಿನ್ನಕ್ಕನ ಭುಜದಿಂದ ತೋಳಿಗೆ, ತೋಳಿನಿಂದ ಅಂಚಿಗೆ ಇಳಿಯಿತು. “ಬಾಗಿಲಲ್ಲಿ ನಿಮ್ಮ ಫೋಟೋ ತೆಗೀವಾಗ ನಾನು ಹಿಂದೇನೇ ಇದ್ದೆ. ಆಗ ಬೇರೆ ಥರ ಇತ್ತಲ್ಲ?” ಎಂದಳು ನಗುತ್ತ. ಪಿನ್ನಕ್ಕ “ಹ್ಞೂಂ” ಎಂದಳು.

ದೀಪಗಳು ಆರಿದವು, ಸಂಗೀತ ಗುಡುಗಿತು. ಹುಡುಗಿಯರು ಒಬ್ಬರ ಹಿಂದೆ ಒಬ್ಬರು ಬಂದರು, ಹೋದರು. ಎಲ್ಲವೂ ಪಿನ್ನಕ್ಕನ ಕೈ ಹಾದುಹೋದ ಉಡುಪುಗಳೇ. ಹತ್ತೊಂಬತ್ತು ವರ್ಷ ಆಸೆಪಟ್ಟು ಕಾದಿದ್ದ ಈ ಅರ್ಧ ಗಂಟೆಯಲ್ಲಿ ಅವಳು ಒಂದನ್ನೂ ನೋಡಲಿಲ್ಲ. ಇಪ್ಪತ್ತೆರಡು, ಇಪ್ಪತ್ಮೂರು ಎಂದು ಎಣಿಸುತ್ತಿದ್ದಳು ಅಷ್ಟೇ. ಕೊನೆಯದು, ಆ ಮೂವತ್ತನೆಯದು, ಬಾರದೇ ಹೋಗಲಿ ದೇವರೇ, ಕರೆಂಟು ಹೋಗಲಿ, ಆ ಹುಡುಗಿಯ ಕಾಲು ಉಳುಕಲಿ ಎಂದೆಲ್ಲ ಬೇಡಿಕೊಂಡಳು. ಇನ್ನೊಬ್ಬರ ಮಗಳ ಕಾಲು ಉಳುಕಲಿ ಎಂದೆನಲ್ಲ ಎಂದು ತನ್ನ ಮೇಲೇ ಹೇಸಿಗೆಯಾಯಿತು.

ಮೂವತ್ತನೆಯದು ಬಂತು. ಮುತ್ತಿನ ಬಣ್ಣದ ರೇಷ್ಮೆ, ಎಡಭುಜದಿಂದ ಬಲಸೊಂಟಕ್ಕೆ ಇಳಿದ ಕಾಲರು. ಸಭೆ ಉಸಿರು ಬಿಗಿಹಿಡಿಯಿತು. ಪಿನ್ನಕ್ಕನ ಕಣ್ಣು ಮಾತ್ರ ನೇರವಾಗಿ ಎಡತೋಳಿಗೆ ಹೋಯಿತು. ಹುಡುಗಿ ಹೆಜ್ಜೆ ಹಾಕಿದಾಗಲೆಲ್ಲ ಭುಜದ ಬಳಿ ಬಟ್ಟೆ ಸಣ್ಣಗೆ ಎಳೆಯುತ್ತಿತ್ತು. ಅರ್ಧ ಇಂಚು. ಬಿಡಬೇಕಾದ ಆ ಅರ್ಧ ಇಂಚು ತನ್ನ ಭುಜದ ಮೇಲೆ ಮಾರ್ಕರಿನಲ್ಲಿ ಕೂತಿತ್ತು. ಇಡೀ ಸಭೆಯಲ್ಲಿ ಅದು ಕಾಣುತ್ತಿದ್ದದ್ದು ಮೂವರಿಗೇ ಇರಬೇಕು. ಉಳಿದಿಬ್ಬರು ಪರದೆಯ ಹಿಂದೆ ನಿಂತಿದ್ದರು. ಇಷ್ಟು ಹೊತ್ತು ಸಿಕ್ಕಿಬೀಳುವ ಭಯವೊಂದೇ ಇತ್ತು. ಈಗ ಕೆಲಸ ಕೆಡಿಸಿದೆ ಎಂಬುದೂ ಸೇರಿತು, ಮತ್ತು ಅದು ಮೊದಲಿನದಕ್ಕಿಂತ ಹೆಚ್ಚು ನೋವು ಕೊಟ್ಟಿತು.

“ಓ!” ಎಂದಳು ಪಕ್ಕದ ಪತ್ರಕರ್ತೆ. ವೇದಿಕೆ ನೋಡಿದಳು, ಪಿನ್ನಕ್ಕನನ್ನು ನೋಡಿದಳು, ಫೋನು ತೆಗೆದು ಬಾಗಿಲಿನ ಫೋಟೋ ಹುಡುಕಿದಳು. “ಒಂದೇ ಉಡುಪು! ನೀವು ಬಾಗಿಲಲ್ಲೇ ತೋರಿಸಿಬಿಟ್ಟಿದ್ದೀರಿ!” ಹಿಂದಿನ ಸಾಲಿನವರು ಬಗ್ಗಿ ನೋಡಿದರು. ಪಿಸುಮಾತು ಕುರ್ಚಿಯಿಂದ ಕುರ್ಚಿಗೆ ದಾಟಿತು.

ಅಷ್ಟರಲ್ಲಿ ಮೇಡಂ ಸಭೆಗೆ ನಮಸ್ಕರಿಸಲು ವೇದಿಕೆಗೆ ಬಂದರು. ಚಪ್ಪಾಳೆಯ ನಡುವೆಯೇ ಪತ್ರಕರ್ತೆ ಎದ್ದುನಿಂತು ಕೂಗಿ ಕೇಳಿದಳು: “ಇವರು ಹಾಕ್ಕೊಂಡಿರೋದು ಅದೇ ಉಡುಪಲ್ವಾ? ತಿರುವಿ ಹಾಕಿದ್ದಾರೆ! ಏನಿದರ ಅರ್ಥ?”

ಮೇಡಂ ಪಿನ್ನಕ್ಕನ ಕಡೆ ತಿರುಗಿದರು. ತಮ್ಮದೇ ಅಕ್ಷರಗಳನ್ನು ಓದಿದರು. ಆ ಮುಖದಲ್ಲಿ ಒಂದು ಗಳಿಗೆ ಏನೂ ಇರಲಿಲ್ಲ. ಪಿನ್ನಕ್ಕನಿಗೆ ಜೀವ ಬಾಯಿಗೆ ಬಂತು. ಕಳ್ಳಿ ಎನ್ನುತ್ತಾರೆ, ಈಗ, ಇಷ್ಟು ಜನರ ಮುಂದೆ, ಮನೆಯಲ್ಲಿ ಮಗಳು ಫೋನಿನಲ್ಲಿ ನೇರಪ್ರಸಾರ ನೋಡುತ್ತಿರುವಾಗಲೇ ಎನ್ನುತ್ತಾರೆ.

ಮೇಡಂ ನಕ್ಕರು. ವೇದಿಕೆಯಿಂದ ಇಳಿದು ಬಂದು ಪಿನ್ನಕ್ಕನ ಕೈಹಿಡಿದು ಎಬ್ಬಿಸಿದರು. ಕೈಚೀಲ ಕೆಳಗೆ ಬಿತ್ತು.

“ಹೌದು, ಬೇಕಂತಲೇ ಮಾಡಿದ್ದು,” ಎಂದರು ಗಟ್ಟಿಯಾಗಿ. “ಹೊರಗಿನದನ್ನ ವೇದಿಕೆ ಮೇಲೆ ನೋಡಿದ್ರಿ. ಒಳಗಿನದು ಇಲ್ಲಿದೆ. ನಾನು ಬೇಡ ಅಂದಿದ್ದು, ತಿದ್ದಿದ್ದು, ಎಲ್ಲ ಇದರ ಮೇಲಿದೆ. ಇವರು ಹತ್ತೊಂಬತ್ತು ವರ್ಷದಿಂದ ನನ್ನ ಹೊಲಿಗೆಯವರು.”

ಸಭೆ ಎದ್ದುನಿಂತಿತು. ಅಂಥ ಚಪ್ಪಾಳೆ ಆ ಸಭಾಂಗಣದ ಗೋಡೆಗಳು ಕೇಳಿದ್ದವೋ ಇಲ್ಲವೋ. ಬೆಳಕುಗಳು ಫಳಫಳಿಸಿದವು. ಮೇಡಂ ಪಿನ್ನಕ್ಕನನ್ನು ತಬ್ಬಿಕೊಂಡರು, ಕಿವಿಗೆ ಬಾಯಿ ತಂದರು.

“ನಗ್ತಾ ಇರಿ, ಎಲ್ಲರೂ ನೋಡ್ತಿದ್ದಾರೆ. ನಾಳೆಯಿಂದ ಕೆಲಸಕ್ಕೆ ಬರೋದು ಬೇಡ.”

“ಮೇಡಂ, ಕೆಂಪು ದಾರ ಇತ್ತು,” ಎಂದಳು ಪಿನ್ನಕ್ಕ.

“ಹೊಲಿಗೆ ಬಿಚ್ಚಿರಲಿಲ್ಲ.”

ತಬ್ಬಿದ ತೋಳುಗಳು ನಡುಗುತ್ತಿದ್ದದ್ದು ಪಿನ್ನಕ್ಕನಿಗೆ ಗೊತ್ತಾಯಿತು. ಮೇಡಂ ಕೂಡ ಹೆದರಿದ್ದರು. ಆದರೆ ಅವರ ಹೆದರಿಕೆ ಚಪ್ಪಾಳೆಯೊಂದಿಗೆ ಮುಗಿದಿತ್ತು. ಪಿನ್ನಕ್ಕ ನಗುತ್ತಲೇ ಇದ್ದಳು, ಕ್ಯಾಮೆರಾದವರು ಎಡಕ್ಕೆ ತಿರುಗಿ ಎಂದಾಗ ಎಡಕ್ಕೆ, ಬಲಕ್ಕೆ ಎಂದಾಗ ಬಲಕ್ಕೆ.

ಹೊರಗೆ ಇನ್ನೂ ಬಿಸಿಲಿತ್ತು. ಸಭಾಂಗಣದ ಮೆಟ್ಟಿಲಿಳಿಯುವಾಗ ಫೋನು ಬಂತು. ಮಗಳು ಉಸಿರು ಕಟ್ಟಿ ಮಾತಾಡುತ್ತಿದ್ದಳು.

“ಅಮ್ಮಾ! ಅಕ್ಕಪಕ್ಕದೋರೆಲ್ಲ ನಮ್ಮನೇಲೇ ಕೂತು ನೋಡಿದ್ರು! ಅಜ್ಜಿ ಅಳ್ತಿದ್ದಾಳೆ. ಮೇಡಂ ತಬ್ಕೊಂಡು ಕಿವೀಲಿ ಏನೋ ಅಂದ್ರಲ್ಲ, ಏನಂದ್ರು?”

ಅವಳ ಹಿಂದೆ ಗದ್ದಲ ಥಟ್ಟನೆ ನಿಂತಿತು. ಎಲ್ಲರೂ ಉತ್ತರಕ್ಕೆ ಕಿವಿಯಾಗಿದ್ದರು. ಸಭೆಯ ನಡುವೆ ನಿಂತಾಗಲೂ ಪಿನ್ನಕ್ಕ ಇಷ್ಟು ಹೆದರಿರಲಿಲ್ಲ.

“ಹೊಲಿಗೆ ತುಂಬ ಚೆನ್ನಾಗಿದೆ ಅಂದ್ರು,” ಎಂದಳು.

ಮಗಳು ಅದನ್ನು ಕೂಗಿ ಹೇಳಿದಳು. ಮನೆಯಲ್ಲಿ ಚಪ್ಪಾಳೆ ಬಿತ್ತು. ಅದರ ನಡುವೆ ಅತ್ತೆಯ ದನಿ: “ನಾಳೆ ಕೆಲಸಕ್ಕೂ ಅದನ್ನೇ ಹಾಕ್ಕೊಂಡು ಹೋಗು ಅಂತ ಹೇಳೇ ನಿಮ್ಮಮ್ಮನಿಗೆ!”

“ಕೇಳಿಸ್ತಾ ಅಮ್ಮಾ?”

“ಕೇಳಿಸ್ತು,” ಎಂದಳು ಪಿನ್ನಕ್ಕ. “ಆಯ್ತು ಅನ್ನು.”