ಸೊಟ್ಟ ಹಲ್ಲು

ಮೇಣ ಇನ್ನೂ ಬಿಸಿಯಿದೆ, ಈಗಲೇ ಚಾಕು ಹಚ್ಚಿದರೆ ವಸಡು ಕಿತ್ತುಬರುತ್ತದೆ, ತಡಿಯೇ, ಯಾರು ಅಟ್ಟಿಸಿಕೊಂಡು ಬರುತ್ತಿದ್ದಾರೆ ಈಗ, ಎಂದು ಅವಳು ತನ್ನನ್ನೇ ಗದರಿಕೊಂಡು ಬೆರಳ ತುದಿಯಿಂದ ಮುಟ್ಟಿ ನೋಡಿದಳು — ಗುಲಾಬಿ ಮೇಣದ ವಸಡು, ಅದರಲ್ಲಿ ಕೂರಿಸಿದ ಹಲ್ಲುಗಳು, ಅತ್ತೆಯ ಹೊಸ ಸೆಟ್ಟು. ಗೋಡೆಯಾಚೆ ಹಲ್ಲಿನ ಡಾಕ್ಟರ ಕೊರೆಯುವ ಯಂತ್ರ ಗುಂಯ್‌ಗುಡುತ್ತಿದೆ, ಇಷ್ಟು ವರ್ಷ ಆ ಸದ್ದಿಗೆ ಅವಳ ದವಡೆಯೂ ಜುಮ್ಮೆನ್ನುತ್ತಿತ್ತು, ಇವತ್ತು ಅದು ಜೇನುನೊಣ, ಬರೀ ಜೇನುನೊಣ, ಯಾಕೆಂದರೆ ಸಿಕ್ಕಿತು, ಸಿಕ್ಕೇಬಿಟ್ಟಿತು, ಬೆಳಿಗ್ಗೆ ಕಲಾಶಾಲೆಯ ಗುಮಾಸ್ತ ಫೋನಿನಲ್ಲಿ, ಶಿಲ್ಪ ವಿಭಾಗ, ಎರಡು ವರ್ಷ, ಪೂರ್ತಿ ವಿದ್ಯಾರ್ಥಿವೇತನ, ನಿಮ್ಮ ಮಗಳಿಗೆ ಹೇಳಿಬಿಡಿ ತಾಯಿ, ಮಗಳಲ್ಲ ಸಾರ್, ನಾನೇ, ಆಮೇಲೆ ಆ ಕಡೆ ಒಂದು ಕೆಮ್ಮು, ಓ, ಹಾಗಾದ್ರೆ ನೀವೇ ಬನ್ನಿ. ನೀವೇ ಬನ್ನಿ! ಸಂದರ್ಶನದ ದಿನ ಎಲ್ಲಾ ಕೈಬಿಟ್ಟು ಹೋಯಿತೆಂದೇ ಅಂದುಕೊಂಡಿದ್ದಳು, ಅವಳು ಮಣ್ಣಿನಲ್ಲಿ ಮಾಡಿದ ತಲೆಗಳನ್ನೆಲ್ಲ ಸುತ್ತಿಬಂದ ಕನ್ನಡಕದ ಮೇಡಂ, ಒಬ್ಬರೂ ಬಾಯಿ ಬಿಡ್ತಿಲ್ವಲ್ಲಮ್ಮ, ಎಲ್ಲರ ಮೇಲೂ ಸಿಟ್ಟಾ ನಿಂಗೆ? ಇಲ್ಲ ಮೇಡಂ, ಬಾಯಿ ತೆರೆದ್ರೆ ಹಲ್ಲು ಕಟ್ಟಬೇಕಾಗುತ್ತೆ, ಅದು ನನ್ನ ಡ್ಯೂಟಿ. ಅವರೆಲ್ಲ ನಕ್ಕರು, ಅವಳು ಬೆವರಿದಳು.

ಆದರೆ ಆಯ್ಕೆಯಾದರೆ ಸಾಕೇ, ಕಲಾಶಾಲೆ ಇರುವುದು ಬೇರೆ ಊರಿನಲ್ಲಿ, ವಾರಕ್ಕೊಮ್ಮೆ ಮನೆ, ಫೋನಿಟ್ಟು ಗಂಡನ ಮುಖ ನೋಡಿದಳು, ಅವನು ಎಂದಿನಂತೆ, ಅಮ್ಮನ್ನ ಕೇಳು. ಮದುವೆಯಾದಂದಿನಿಂದ ಅದೇ ಮಂತ್ರ, ಪರದೆ ಯಾವ ಬಣ್ಣ ಅಂದರೂ ಅಮ್ಮನ್ನ ಕೇಳು. ಅತ್ತೆ ಕಿಟಕಿ ಪಕ್ಕ ಕೂತು ಚಹಾ ಆರಿಸುತ್ತಿದ್ದರು, ಬೊಚ್ಚು ಬಾಯಿಗೆ ಕೈ ಅಡ್ಡ, ತಲೆಯೆತ್ತದೆ ಅಂದರು, ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ. ಮುಗಿಯಿತು, ಈ ವಯಸ್ಸಿಗೆ ನಿನಗೆಂಥ ಕಾಲೇಜು ಅಂತ ಅರ್ಥ, ಅವಳು ಲೋಟ ಎತ್ತಿಕೊಳ್ಳಲು ಬಗ್ಗಿದಳು, ಕಣ್ಣು ಮಂಜಾಗಿ ಲೋಟ ಎರಡಾಗಿ ಕಂಡಿತು, ಅಷ್ಟರಲ್ಲಿ ಅತ್ತೆ, ಅದು ಊರವರ ಗಾದೆ ಕಣೇ, ನಿಂಗೇನೇ ದಾಡಿ, ಹಲ್ಲು ಮಾಡೋಳೇ ನೀನು, ಹೋಗಿ ಕಡಲೆ ತಿನ್ನು ಹೋಗು! ಕೈ ಅಡ್ಡ ಹಿಡಿಯುವುದನ್ನೂ ಮರೆತು ನಕ್ಕುಬಿಟ್ಟರು, ಅವಳ ಎದೆಯ ಮೇಲಿನ ಬಂಡೆಯನ್ನು ಯಾರೋ ಎತ್ತಿ ಪಕ್ಕಕ್ಕಿಟ್ಟ ಹಾಗೆ, ಮತ್ತು ಆ ಬರಿದಾದ ವಸಡಿನ ಎಡಗಡೆಯಲ್ಲಿ, ಹಲ್ಲೇ ಇಲ್ಲದ ಜಾಗದಲ್ಲಿ, ಅವಳಿಗೆ ಕಂಡಿತು — ಸೊಟ್ಟ ಹಲ್ಲು. ಈ ಮನೆಗೆ ಬಂದ ಮೊದಲ ದಿನ ಗಾಬರಿಯಲ್ಲಿ ಚಹಾಕ್ಕೆ ಉಪ್ಪು ಹಾಕಿದ್ದಳು, ಅತ್ತೆ ಒಂದು ಗುಟುಕು ಕುಡಿದು ಬಿದ್ದು ಬಿದ್ದು ನಕ್ಕಿದ್ದರು, ಪಕ್ಕದ ಹಲ್ಲಿನ ಹೆಗಲಿಗೆ ಕೈ ಹಾಕಿ ನಿಂತ ಗೆಳತಿಯಂಥ ಸೊಟ್ಟ ಹಲ್ಲು, ಅದನ್ನು ನೋಡಿಯೇ ಅವಳ ಭಯ ಅರ್ಧ ಇಳಿದಿತ್ತು.

ಮೇಣ ಆರಿದೆ, ಚಾಕು ಹಿಡಿದಳು. ಹಳೆಯ ಸೆಟ್ಟನ್ನೂ ಅವಳೇ ಕಟ್ಟಿದ್ದು, ಡಾಕ್ಟರು ಹೇಳಿದಂತೆ, ಸಾಲು ನೆಟ್ಟಗಿರಲಿ, ಅಳತೆಪಟ್ಟಿ ಇಟ್ಟ ಹಾಗೆ. ಅತ್ತೆ ಕನ್ನಡಿಯಲ್ಲಿ ಬಹಳ ಹೊತ್ತು ನೋಡಿಕೊಂಡು, ಚೆನ್ನಾಗಿದೆ ಕಣೇ, ಯಾರದು ಇದು? ಎಂದಿದ್ದರು, ಆಮೇಲೆ ಜಾರುತ್ತೆ ಅಂತ ನೆವ, ಅವತ್ತಿನಿಂದ ಅದು ನೀರಿನ ಲೋಟದಲ್ಲಿ ಒಂದೇ ಸಮನೆ ನಗುತ್ತಿದೆ. ಯಾರದು ಇದು — ಹೌದಲ್ಲ, ಇಷ್ಟು ವರ್ಷ ಕಟ್ಟಿದ್ದೆಲ್ಲ ಒಂದೇ ಬಾಯಿ, ಯಾರದೂ ಅಲ್ಲದ್ದು, ಅದಕ್ಕೇ ಏನೋ ಮಣ್ಣಿನ ತಲೆಗಳು ತುಟಿ ಬಿಗಿದು ಕೂತವು. ಯಂತ್ರ ನಿಂತಿತು, ಬಾಗಿಲಲ್ಲಿ ಡಾಕ್ಟರ ತಲೆ, ಏನಮ್ಮಾ ಕಾಲೇಜು ಹುಡುಗಿ, ಅತ್ತೇದು ಮುಗೀತಾ? ಸಾಲು ನೆಟ್ಟಗಿದೆ ತಾನೆ? ಮುಗೀತಾ ಬಂತು ಸಾರ್. ಅಷ್ಟೇ ಹೇಳಿದಳು. ತಲೆ ಮರೆಯಾದ ಮೇಲೆ ಚಾಕುವಿನ ತುದಿಯನ್ನು ಸ್ಪಿರಿಟ್ ದೀಪಕ್ಕೆ ಹಿಡಿದಳು, ಎಡಗಡೆಯ ಹಲ್ಲಿನ ಬುಡದ ಮೇಣ ಹನಿಯಷ್ಟು ಕರಗಿತು, ಉಸಿರು ಬಿಗಿಹಿಡಿದು ಹೆಬ್ಬೆರಳಿಂದ ಮೆಲ್ಲಗೆ ಒತ್ತಿದಳು, ಇನ್ನೂ ಸ್ವಲ್ಪ, ಇನ್ನೊಂದು ಕೂದಲೆಳೆ, ಪಕ್ಕದ್ದರ ಹೆಗಲ ಮೇಲೆ, ಹಾಂ — ಸೊಟ್ಟ ಹಲ್ಲು.