ನೀಲಿ ರೀಲು

ಹೊಲಿಗೆ ಮಷೀನಿನ ಪೆಡಲಿನ ಮೇಲೆ ಅವಳ ಕಾಲು ಹಾಗೇ ನಿಂತಿತು. ಸೂಜಿ ಬಟ್ಟೆಯೊಳಗೆ ಅರ್ಧ ಇಳಿದಿತ್ತು. ಕತ್ತು ಓರೆ ಮಾಡಿ ಕೆಳಗಿನ ಮನೆಗೆ ಕಿವಿಗೊಟ್ಟಳು. ಅಡುಗೆಮನೆಯ ನಲ್ಲಿ ತೊಟ್ಟಿಕ್ಕುತ್ತಿತ್ತು, ಅಷ್ಟೆ.

"ಇದು ಎಷ್ಟನೇ ಸಲ?" ಪಕ್ಕದಲ್ಲಿ ಕೂತು ನಿಲುವಂಗಿಗೆ ಲಾಡಿ ಹೊಲಿಯುತ್ತಿದ್ದ ಅತ್ತೆ ತಲೆ ಎತ್ತದೆಯೇ ಕೇಳಿದರು.

"ಏನೋ ಸದ್ದಾದ ಹಾಗಾಯ್ತು."

"ಈ ಹಾಳು ಗಡಗಡದಲ್ಲಿ ನಿನಗೆ ಸದ್ದು ಬೇರೆ ಕೇಳಿಸ್ತಾ? ನನ್ನ ಮಾತೇ ಕೇಳಿಸಲ್ಲ ನಿನಗೆ."

"ಕೇಳಿಸತ್ತೆ ಅತ್ತೆ. ಉತ್ತರ ಕೊಡಲ್ಲ, ಅಷ್ಟೆ."

ಅತ್ತೆ ಹಲ್ಲಿನಲ್ಲಿ ದಾರ ಕಡಿದರು. ಅವಳು ಮತ್ತೆ ಪೆಡಲು ತುಳಿದಳು. ನಿಂತು ಹೊರಟ ಜಾಗದಲ್ಲಿ ಹೊಲಿಗೆ ಒಂದು ಕೂದಲಿನಷ್ಟು ಸೊಟ್ಟಗಾಗಿತ್ತು. ಬೇರೆಯವರ ಕಣ್ಣಿಗೆ ಬೀಳದ ಸೊಟ್ಟ ಅದು. ಆದರೆ ಆಸ್ಪತ್ರೆಯ ಉಗ್ರಾಣದ ಹೆಂಗಸಿನ ಕಣ್ಣಿಗೆ ಬಿದ್ದೇ ಬೀಳುತ್ತಿತ್ತು. ಹಿಂದಿನ ವಾರ ಆಕೆ ಆರು ನಿಲುವಂಗಿ ವಾಪಸು ಕಳಿಸಿದ್ದಳು.

ಎಲ್ಲಕ್ಕೂ ಮೂಲ ಮೂರು ವಾರದ ಹಿಂದಿನ ಒಂದು ಮಧ್ಯಾಹ್ನ. ಅತ್ತೆ ಸೊಸೆ ಇಬ್ಬರೂ ಇದೇ ಮಹಡಿಯ ಕೋಣೆಯಲ್ಲಿ ಕೂತು ಹೊಲಿಯುತ್ತಿದ್ದಾಗ ಕೆಳಗೆ ಯಾರೋ ಬಂದು ಹೋಗಿದ್ದರು. ನೀರು ಕುಡಿಯಲು ಇಳಿದುಬಂದಾಗಲೇ ಅವಳಿಗೆ ಗೊತ್ತಾದದ್ದು. ಗೋಡೆ ಗಡಿಯಾರ ಇರಲಿಲ್ಲ, ರೇಡಿಯೊ ಇರಲಿಲ್ಲ. ಬಟ್ಟೆ ಕತ್ತರಿಸುವ ಮೇಜಿನ ಮೇಲೆ, ಹೊಲಿಗೆ ಕಲಿಸಿದ ಗುರುಗಳು ಕೈಯೆತ್ತಿ ಕೊಟ್ಟಿದ್ದ ದೊಡ್ಡ ಕತ್ತರಿ ಇರಲಿಲ್ಲ. ಅಷ್ಟಾದರೂ ಸಹಿಸಬಹುದಿತ್ತು. ಬಂದವನು ಒಂದು ಲೋಟ ನೀರು ಕುಡಿದು, ಲೋಟ ತೊಳೆದು, ಕಟ್ಟೆಯ ಮೇಲೆ ಬೋರಲು ಹಾಕಿ ಹೋಗಿದ್ದ. ತಲೆಯ ಮೇಲೆ ಮಷೀನು ಓಡುತ್ತಿರುವಷ್ಟು ಹೊತ್ತೂ ತನಗೆ ಭಯವಿಲ್ಲ ಎಂದು ಅವನಿಗೆ ಗೊತ್ತಿತ್ತು. ಆ ಲೋಟ ಅವಳ ಎದೆಯಲ್ಲಿ ಮುಳ್ಳಿನಂತೆ ಕೂತುಬಿಟ್ಟಿತು. ಅಂದಿನಿಂದ ಐದು ನಿಮಿಷ ಒಂದೇ ಸಮನೆ ಹೊಲಿದಿದ್ದರೆ ಕೇಳಿ.

ಅವಳ ಗಂಡ ಬಡಗಿ. ಬೀದಿಯಲ್ಲಿ ಅವನಿಗೆ 'ಬೆಕ್ಕಿನ ಬಾಗಿಲಿನವನು' ಎಂದು ಹೆಸರು. ಅವನು ಕೂರಿಸಿದ ಬಾಗಿಲು ಬೆಕ್ಕು ನಡೆದ ಹಾಗೆ ತೆರೆದುಕೊಳ್ಳುತ್ತಿತ್ತು, ಕಿರ್ ಎನ್ನುತ್ತಿರಲಿಲ್ಲ. ಸ್ವಂತ ಮನೆಯಲ್ಲಂತೂ ಅವನು ತನ್ನ ವಿದ್ಯೆಯನ್ನೆಲ್ಲ ಧಾರೆ ಎರೆದಿದ್ದ. ಬಾಗಿಲು, ಕಿಟಕಿ, ಹದಿಮೂರು ಮೆಟ್ಟಿಲಿನ ಮರದ ಏಣಿ, ಯಾವುದಕ್ಕೂ ಬಾಯಿ ಇರಲಿಲ್ಲ. ಗಂಡ ಸದ್ದೇ ಇಲ್ಲದ ಬಾಗಿಲು ಮಾಡಿದ, ಹೆಂಡತಿ ಬೇರೆ ಸದ್ದು ಕೇಳಿಸದಂಥ ಮಷೀನು ತಂದಳು. ಕಳ್ಳನಿಗೆ ಇನ್ನೇನು ಬೇಕು?

"ನನ್ನ ಕೈಯಾರೆ ಅವನನ್ನ ಒಳಗೆ ಕರೆದ ಹಾಗಾಯ್ತು," ಎಂದು ಗಂಡ ಅಂದೇ ಸಂಜೆ ಹೇಳಿದ್ದ. ಮಾತು ಕಡಿಮೆಯವನು. ಮರುದಿನದಿಂದ ಶುರುಮಾಡಿದ. ಹಿಂದಿನ ಬಾಗಿಲಿಗೆ ಎರಡನೇ ಅಗುಳಿ ಹಾಕಿದ, ಕಿಟಕಿ ಸರಳುಗಳನ್ನು ಒಂದೊಂದಾಗಿ ಅಲುಗಿಸಿ ನೋಡಿ ಬಿಗಿ ಮಾಡಿದ. ಕಿಟಕಿಯಿಂದ ಒಬ್ಬ ಹೇಗೋ ನುಗ್ಗಿದರೂ ಒಂದು ಕೋಣೆಯಲ್ಲೇ ಸಿಕ್ಕಿಬೀಳಲಿ ಎಂದು ಒಳಗಿನ ಬಾಗಿಲುಗಳಿಗೂ ಹೊರಮೈಯಿಂದ ಚಿಲಕ ಜಡಿದ.

"ಮಲಗೋ ಕೋಣೆಗೆ ಹೊರಗಿಂದ ಚಿಲಕ ಹಾಕೋದನ್ನ ಇವತ್ತೇ ನೋಡಿದ್ದು," ಎಂದರು ಅತ್ತೆ. "ನನ್ನನ್ನ ಕೂಡಿಹಾಕೋಕಾ? ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕ್ತಾನೆ ನನ್ನ ಮಗ."

"ಇನ್ನೊಂದ್ಸಲ ಬಂದ್ರೆ, ಅಮ್ಮ?"

"ಬರ್ತಾನೆ. ಹಾಲಿನ ರುಚಿ ಕಂಡ ಬೆಕ್ಕು ಅದೇ ಮನೆ ಹುಡುಕ್ಕೊಂಡು ಬರತ್ತೆ."

ಆ ಮಾತು ಅವಳಿಗೆ ತಮಾಷೆಯಾಗಿ ಕೇಳಲಿಲ್ಲ. ಗಂಡನಿಗೂ ಕೇಳಿರಲಿಕ್ಕಿಲ್ಲ. ಮೂರು ವಾರವಾದರೂ ಅವಳ ಹೊಲಿಗೆ ನೇರವಾಗದ್ದು ಕಂಡು, ಆ ಭಾನುವಾರ ಅವನು ಕೆಲಸದ ಮನೆಯ ಮೂಲೆಯಿಂದ ತುಕ್ಕು ಹಿಡಿದ ಕೀಲುಗಳನ್ನು ಹೆಕ್ಕಿ ತಂದ. ಹಿಂದಿನ ಬಾಗಿಲಿನ ಒಳ್ಳೆಯ ಕೀಲು ಬಿಚ್ಚಿ, ಆ ಹಳೆಯದನ್ನು ಹಾಕತೊಡಗಿದ. ತಿರುಪುಮೊಳೆ ತಿರುಗಿಸುವಾಗ ಅವನ ಮುಖ ಹಲ್ಲು ಕೀಳಿಸಿಕೊಳ್ಳುವವನ ಮುಖದಂತಿತ್ತು.

"ಮೇಲೆ ಹೋಗಿ ಮಷೀನು ಓಡಿಸು. ನಾನು ಬಾಗಿಲು ತೆಗೀತೀನಿ. ಕೇಳಿಸತ್ತಾ ನೋಡೋಣ."

ಅವಳು ಹೋಗಿ ಓಡಿಸಿದಳು. ಹತ್ತು ನಿಮಿಷವಾಯಿತು. ಇನ್ನೂ ಶುರುವಾಗಿಲ್ಲವೇನೋ ಎಂದುಕೊಂಡು ಕಾಯುತ್ತಿದ್ದಾಗ ಗಂಡ ಬೆವರು ಒರೆಸಿಕೊಳ್ಳುತ್ತಾ ಮೆಟ್ಟಿಲು ಹತ್ತಿ ಬಂದ.

"ಕೇಳಿಸ್ತಾ?"

"ಏನು?"

"ಮೂವತ್ತು ಸಲ ತೆಗೆದೆ."

ಅವನು ಹೊಸ್ತಿಲ ಮೇಲೆ ಕುಸಿದು ಕೂತ. ಬೀದಿಯ ನಾಯಿಗಳೆಲ್ಲ ಎದ್ದು ಬೊಗಳಿದವಂತೆ, ಎದುರಿನ ಕ್ಷೌರದಂಗಡಿಯವನು ಹೊರಗೆ ಬಂದು ಯಾರನ್ನು ಕೊಲ್ಲುತ್ತಿದ್ದೀಯಪ್ಪ ಎಂದು ಕೇಳಿದನಂತೆ. ಅವಳಿಗೆ ಮಾತ್ರ ಏನೂ ಕೇಳಿಸಿರಲಿಲ್ಲ.

"ನಿಮ್ಮ ಕೀಲು ನೀವು ವಾಪಸ್ ಹಾಕಿ," ಎಂದಳು. "ಕಿರುಗುಟ್ಟೋ ಬಾಗಿಲು ನಿಮ್ಮ ಮನೆಗೆ ಒಪ್ಪಲ್ಲ."

"ಮತ್ತೆ ನೀನು? ಹೀಗೇ ಆದ್ರೆ ಆಸ್ಪತ್ರೆಯವರು ಕೆಲಸ ಬೇರೆಯವರಿಗೆ ಕೊಡ್ತಾರೆ."

ಉಗ್ರಾಣದ ಹೆಂಗಸು ಹಾಗೆಂದೇ ಹೇಳಿ ಕಳಿಸಿದ್ದಳು. ಈ ತಿಂಗಳ ಕೊನೆಗೆ ನಲವತ್ತು ನಿಲುವಂಗಿ, ಒಂದೂ ಸೊಟ್ಟ ಇರಕೂಡದು. ಇಲ್ಲವಾದರೆ ಅವಳು ಮತ್ತೆ ಗಾರ್ಮೆಂಟ್ ಕಾರ್ಖಾನೆಯ ಆ ಉದ್ದನೆಯ ಶೆಡ್ಡಿಗೆ ಹೋಗಬೇಕು, ಅರವತ್ತು ಮಷೀನಿನ ಸಾಲಿನಲ್ಲಿ ಬೇರೆಯವರ ಗಂಟೆಗೆ ಏಳಬೇಕು, ಕೂರಬೇಕು. ಅಲ್ಲಿ ಒಂಬತ್ತು ವರ್ಷ ಬರೀ ಎಡದ ತೋಳು ಹೊಲಿದು, ಕೊನೆಗೆ ಈ ಬೆಳಕಿನ ಕೋಣೆಗೆ ಬಂದವಳು ಅವಳು.

ಉಪಾಯ ಹೊಳೆದದ್ದು ಅದೇ ಸಂಜೆ, ಬಾಬಿನ್‌ಗೆ ದಾರ ತುಂಬುವಾಗ. ಮೊಳೆಯ ಮೇಲೆ ಕೂರಿಸಿದ ರೀಲು ದಾರ ಎಳೆದಂತೆಲ್ಲ ಗಿರಗಿರ ತಿರುಗುತ್ತಿತ್ತು. ಅದನ್ನು ಅವಳು ಕೇಳಿಸಿಕೊಳ್ಳುತ್ತಿರಲಿಲ್ಲ, ಕಣ್ಣಂಚಿನಲ್ಲಿ ನೋಡುತ್ತಿದ್ದಳು. ಹದಿನೈದು ವರ್ಷದಿಂದ ನೋಡುತ್ತಲೇ ಇದ್ದಳು. ದಾರ ತುಂಡಾದರೆ, ಸಿಕ್ಕಾದರೆ, ಮುಗಿದರೆ ಅವಳ ಕಣ್ಣಿಗೆ ಮೊದಲು ತಿಳಿಯುತ್ತಿತ್ತು. ಆದರೂ ಗಂಡನ ಮುಂದೆ ಹೇಳಲು ಎರಡು ದಿನ ಹಿಂಜರಿದಳು. ಮಕ್ಕಳಾಟ ಎಂದುಬಿಟ್ಟರೆ?

ಅವನು ಹಾಗೆನ್ನಲಿಲ್ಲ. ಕಿವಿಯ ಮೇಲಿದ್ದ ಪೆನ್ಸಿಲು ತೆಗೆದು, "ಎಷ್ಟು ದಪ್ಪ ದಾರ?" ಎಂದ.

ಮೇಣ ಉಜ್ಜಿದ, ಚೀಲ ಹೊಲಿಯುವ ದಾರ. ಬೀದಿ ಬಾಗಿಲಿಗೆ ಕೆಂಪು, ಹಿಂದಿನ ಬಾಗಿಲಿಗೆ ನೀಲಿ, ಮಲಗುವ ಕೋಣೆಗೆ ಹಸಿರು. ಗಂಡ ಗೋಡೆಯುದ್ದಕ್ಕೂ ಪುಟ್ಟ ಕೊಂಡಿಗಳನ್ನು ಕೂರಿಸಿ, ಮಹಡಿಯ ಹಲಗೆಯಲ್ಲಿ ಮೂರು ತೂತು ಕೊರೆದು ದಾರಗಳನ್ನು ಮೇಲೆ ತಂದ. ಮಷೀನಿನ ಎದುರು ಗೋಡೆಯಲ್ಲಿ ಮೂರು ರೀಲು. ಒಂದೊಂದಕ್ಕೂ ಚಿಂದಿ ಬಟ್ಟೆಯ ಬಾವುಟ. ಬಾಗಿಲು ತೆರೆದರೆ ರೀಲು ತಿರುಗಬೇಕು, ಮುಚ್ಚಿದರೆ ಹಿಂದಕ್ಕೆ ಸುತ್ತಿಕೊಳ್ಳಬೇಕು. ಅದಕ್ಕೆಂದು ಅತ್ತೆ ಹಳೆಯ ಗುಂಡಿಗಳನ್ನು ಪುಟ್ಟ ಪುಟ್ಟ ಚೀಲಕ್ಕೆ ತುಂಬಿ ರೀಲುಗಳಿಗೆ ತೂಗುಹಾಕಿಕೊಟ್ಟರು. "ನನ್ನ ಮದುವೆ ರವಿಕೆ ಗುಂಡಿಯೂ ಇದೆ ಇದರಲ್ಲಿ. ಕಾವಲು ಕಾಯಲಿ," ಎಂದರು.

ಮೊದಲನೆಯ ವಾರವೇ ಮರ್ಯಾದೆ ಹೋಯಿತು. ಕೆಂಪು ರೀಲು ಜೋರಾಗಿ ತಿರುಗಿದ್ದು ಕಂಡು ಅವಳು ಕಿಟಕಿಯಿಂದ ತಲೆ ಹಾಕಿ ಕಳ್ಳ ಕಳ್ಳ ಎಂದು ಕೂಗಿದಳು. ಕ್ಷೌರದಂಗಡಿಯವನು ನೊರೆ ಮೆತ್ತಿದ ಬ್ರಷ್ಷು ಹಿಡಿದೇ ಓಡಿಬಂದ. ಒಳಗೆ, ಕೆಲಸ ಬೇಗ ಮುಗಿಸಿ ಬಂದ ಗಂಡ ಕಾಲು ತೊಳೆಯುತ್ತಿದ್ದ.

"ಕಳ್ಳ ಸಿಕ್ಕಿದ," ಎಂದು ಕ್ಷೌರದಂಗಡಿಯವನು ಬೀದಿಗೆಲ್ಲ ಸಾರಿದ. "ಹದಿನಾರು ವರ್ಷದಿಂದ ಇದೇ ಮನೇಲಿ ಅಡಗಿಕೊಂಡಿದ್ದನಂತೆ."

ಅತ್ತೆ ನಗಲಿಲ್ಲ. "ಇನ್ನೊಂದ್ಸಲ ಸುಳ್ಳಾದ್ರೆ ಯಾರೂ ಬರಲ್ಲ ಕಣೇ. ತೋಳ ಬಂತು ತೋಳ ಆಗತ್ತೆ."

ಅವಳು ನಾಚಿಕೆಯಿಂದ ಕುಗ್ಗಿಹೋದಳು. ದಾರಗಳನ್ನು ಕಿತ್ತುಹಾಕಬೇಕೆನ್ನಿಸಿತು. ಕೀಳಲಿಲ್ಲ. ಅಳತೆ ತೆಗೆಯುವುದು ಅವಳ ಕಸುಬು. ಒಂದು ವಾರ ಸೀಮೆಸುಣ್ಣ ಹಿಡಿದು ಅಳತೆ ತೆಗೆದಳು. ಗಂಡ ಹೆಗಲಲ್ಲಿ ಹತಾರದ ಚೀಲ ಹೊತ್ತು ಬರುವವನು, ಬಾಗಿಲನ್ನು ಗೋಡೆಗೆ ತಾಗುವವರೆಗೆ ತೆರೆಯುತ್ತಾನೆ. ಕೆಂಪು, ಏಳು ಸುತ್ತು. ಅತ್ತೆ ಹಿತ್ತಲಿಗೆ ಹೋದರೆ ನೀಲಿ, ನಾಲ್ಕು ಸುತ್ತು, ಮಧ್ಯೆ ಒಂದು ನಿಲುಗಡೆ, ಸೊಂಟ ಹಿಡಿದುಕೊಳ್ಳಲು. ಗಾಳಿಯಾದರೆ ನಡುಕ. ಪಕ್ಕದ ಮನೆಯ ಬೆಕ್ಕಾದರೆ ಅರ್ಧ ಸುತ್ತು. ಎಲ್ಲವನ್ನೂ ಮೇಜಿನ ಅಂಚಿನಲ್ಲಿ ಬರೆದಿಟ್ಟಳು. ಬರೆದಿಟ್ಟ ಮೇಲೆ ಕಾಲು ತಾನಾಗಿ ಓಡತೊಡಗಿತು. ಇಪ್ಪತ್ತೊಂದು ನಿಲುವಂಗಿ ಮುಗಿದವು.

ಇಪ್ಪತ್ತೆರಡನೆಯದರ ಬಲದ ತೋಳು ಹೊಲಿಯುತ್ತಿದ್ದಾಗ ನೀಲಿ ರೀಲು ಅಲುಗಿತು.

ಹೊರಗೆ ಬಿಸಿಲು ಕಣ್ಣು ಕುಕ್ಕುತ್ತಿತ್ತು. ಅತ್ತೆ ಪಕ್ಕದಲ್ಲೇ ಕೂತು ಲಾಡಿ ಮಡಚುತ್ತಿದ್ದರು. ರೀಲು ನಿಧಾನವಾಗಿ, ಉಸಿರು ಬಿಗಿಹಿಡಿದ ಹಾಗೆ, ಒಂದು ಸುತ್ತು ತಿರುಗಿತು. ಎರಡು. ಎರಡೂವರೆಗೆ ನಿಂತಿತು. ಆಮೇಲೆ ಅಷ್ಟೇ ನಿಧಾನವಾಗಿ ಹಿಂದಕ್ಕೆ ಬಂತು. ಎರಡೂವರೆ ಸುತ್ತು ಎಂದರೆ ಒಬ್ಬ ಅಡ್ಡಡ್ಡ ತಿರುಗಿ ನುಸುಳುವಷ್ಟು. ಹಾಗೆ ಬರುವವರು ಈ ಮನೆಯಲ್ಲಿ ಯಾರೂ ಇಲ್ಲ.

ಕೂಗಲು ಬಾಯಿ ತೆರೆದವಳು ಮುಚ್ಚಿದಳು. ಅತ್ತೆಯೇ ಹಿಂದಿನ ಬಾಗಿಲ ಅಗುಳಿ ಹಾಕುವುದು ಮರೆತಿದ್ದರೆ? ಬೆಕ್ಕಿಗೆ ಇವತ್ತು ಬಲ ಬಂದಿದ್ದರೆ? ಅಷ್ಟರಲ್ಲಿ ಹಸಿರು ಬಾವುಟ ತಿರುಗಿತು. ಬೆಕ್ಕು ಎರಡು ಬಾಗಿಲು ತೆರೆಯುವುದಿಲ್ಲ.

ಕಾಲು ಓಡುತ್ತಲೇ ಇತ್ತು. ಆಗ ಅವಳಿಗೆ ಒಂದು ವಿಷಯ ಹೊಳೆಯಿತು. ಮಷೀನು ಓಡುವಷ್ಟು ಹೊತ್ತು ಅವನು ಅವಸರ ಮಾಡುವುದಿಲ್ಲ. ಅತ್ತೆಯ ಮುಂಗೈ ಹಿಡಿದೆಳೆದು ರೀಲುಗಳತ್ತ ಬೆರಳು ತೋರಿಸಿದಳು. ಸೊಸೆ ಸ್ಟೂಲಿನಿಂದ ಜಾರುವುದಕ್ಕೂ ಅತ್ತೆ ಅದರ ಮೇಲೆ ಕೂರುವುದಕ್ಕೂ ಸರಿಹೋಯಿತು. ಹಾಳು ಗಡಗಡ ಎಂದು ವರ್ಷಗಟ್ಟಲೆ ಬೈದಿದ್ದವರು ಎರಡೂ ಪಾದ ಊರಿ ಅದನ್ನು ತುಳಿಯತೊಡಗಿದರು.

ಅವಳು ಬರಿಗಾಲಲ್ಲಿ ಇಳಿದಳು. ಹದಿಮೂರು ಮೆಟ್ಟಿಲು, ಒಂದೂ ಪಿಟಕ್ಕೆನ್ನಲಿಲ್ಲ. ಗಂಡನ ಕೈ ಅವಳ ಪಾದದಡಿ ಇದ್ದ ಹಾಗಿತ್ತು. ಮಲಗುವ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಇಸ್ತ್ರಿ ಮಾಡಿದ ಅಂಗಿ ತೊಟ್ಟ ಒಬ್ಬ ಗಂಡಸು ಬೆನ್ನು ಮಾಡಿಕೊಂಡು ಪೆಟ್ಟಿಗೆಯ ಮುಂದೆ ಮಂಡಿಯೂರಿದ್ದ. ಮುಚ್ಚಳದ ಸಂದಿಗೆ ಏನನ್ನೋ ತೂರಿಸಿ ಮೀಟುತ್ತಿದ್ದ. ಅವಳ ಕತ್ತರಿ.

ಭಯ ಎಲ್ಲಿಗೆ ಹೋಯಿತೋ. ಅವಳು ಬಾಗಿಲಿನ ಅಂಚು ಹಿಡಿದು ಎಳೆದಳು. ಬಾಗಿಲು ಬೆಕ್ಕಿನ ಹಾಗೆ ಬಂದು ಚೌಕಟ್ಟಿನಲ್ಲಿ ಕೂತಿತು. ಚಿಲಕ ಬೆಣ್ಣೆಯಲ್ಲಿ ಜಾರಿದಂತೆ ಜಾರಿತು. ಒಳಗೆ ಮೀಟುವ ಸದ್ದು ಇನ್ನೂ ಸ್ವಲ್ಪ ಹೊತ್ತು ನಡೆದೇ ಇತ್ತು. ಆಮೇಲೆ ನಿಂತಿತು.

"ಅಕ್ಕಾ," ಎಂಬ ವಿನಯದ ದನಿ ಬಂತು. "ಬಾಗಿಲು ಗಾಳಿಗೆ ಹಾಕ್ಕೊಂಡಿತು ಅನ್ಸತ್ತೆ."

"ಗಾಳಿ ಅಲ್ಲ. ನಾನು."

"ನಾನು ಮೀಟರ್ ನೋಡೋಕೆ ಬಂದವನು ಅಕ್ಕಾ."

"ಪೆಟ್ಟಿಗೆ ಒಳಗೆ ಮೀಟರ್ ಇಲ್ಲ."

ಮೇಲೆ ಮಷೀನು ಗಡಗಡ ಓಡುತ್ತಿತ್ತು. ಒಳಗಿನವನು ಅದನ್ನು ಕೇಳಿಸಿಕೊಂಡ. ಅವನ ದನಿಯಲ್ಲಿ ನಿಜವಾದ ಗೊಂದಲವಿತ್ತು. "ನೀವು ಮೇಲೆ ಹೊಲೀತಾ ಇದ್ರಲ್ಲ?"

"ಇನ್ನೂ ಹೊಲೀತಾನೇ ಇದೀನಿ," ಎಂದಳು.

ಬೀದಿ ಬಾಗಿಲು ತೆರೆದು ಅವಳು ಕೂಗಲಿಲ್ಲ. ರಸ್ತೆ ದಾಟಿ ಕ್ಷೌರದಂಗಡಿಯ ಮುಂದೆ ನಿಂತಳು.

"ಈ ಸಲ ಯಾರನ್ನಮ್ಮ ಹಿಡಿದೆ? ಅತ್ತೇನಾ?" ಎಂದ ಅವನು ಕತ್ತಿ ಮಸೆಯುತ್ತಾ.

"ಬಂದು ನೋಡಿ. ಚಿಲಕ ಹಾಕಿದೀನಿ, ಅವಸರ ಏನಿಲ್ಲ."

ಅವಳ ದನಿ ಕೇಳಿ ಅವನ ಕೈ ನಿಂತಿತು. ಅವನೂ ಬಂದ, ಅರ್ಧ ಕೆನ್ನೆ ಬೋಳಿಸಿಕೊಂಡಿದ್ದ ಗಿರಾಕಿಯೂ ಬಂದ. ಪೊಲೀಸರು ಬರುವವರೆಗೆ ಆ ಗಿರಾಕಿ ಕುರ್ಚಿ ಎಳೆದುಕೊಂಡು ಕೋಣೆಯ ಬಾಗಿಲಿಗೆ ಅಡ್ಡ ಕೂತಿದ್ದ. ಒಂದು ಕೆನ್ನೆಯ ನೊರೆ ಅಲ್ಲೇ ಒಣಗಿತು. ಬೀದಿಯೆಲ್ಲ ಅಂಗಳದಲ್ಲಿ ನೆರೆಯಿತು. ಪೊಲೀಸಿನವನು ಕೊಂಡಿಯಿಂದ ಕೊಂಡಿಗೆ ನೀಲಿ ದಾರ ಹಿಡಿದು ಮೆಟ್ಟಿಲು ಹತ್ತಿ, ರೀಲಿನವರೆಗೆ ಹೋಗಿ, ತಲೆ ತುರಿಸಿಕೊಂಡು ಇಳಿದುಬಂದ. "ಇದನ್ನ ಯಾರು ಮಾಡಿದ್ದು?" ಎಂದು ಕೇಳಿದ.

"ತೂತು ಕೊರೆದದ್ದು ನಮ್ಮನೆಯವರು," ಎಂದಳು. ಸ್ವಲ್ಪ ತಡೆದು, "ಯೋಚನೆ ನಂದು," ಎಂದೂ ಸೇರಿಸಿದಳು.

ಕ್ಷೌರದಂಗಡಿಯವನು ಕತ್ತರಿಯನ್ನು ಬೆಳಕಿಗೆ ಹಿಡಿದ. ಹಿಂದಿನ ಬಾಗಿಲ ಸಂದಿಯಿಂದ ಎರಡೂ ಅಗುಳಿ ಸರಿಸಿದ್ದು ಇದರಲ್ಲೇ ಅಂತೆ; ತುದಿ ಬಾಗಿತ್ತು, ಅಲಗು ಮೊಂಡಾಗಿತ್ತು. "ನಾಳೆ ಬೆಳಿಗ್ಗೆ ಸಾಣೆ ಹಿಡಿದು ತಂದುಕೊಡ್ತೀನಿ," ಎಂದ. ತಮಾಷೆ ಮಾಡಲಿಲ್ಲ. ಹೋಗುವಾಗ ಚಪ್ಪಲಿ ಮೆಟ್ಟಿಕೊಳ್ಳುತ್ತಾ, "ನಮ್ಮಂಗಡಿ ಹಿಂದಿನ ಬಾಗಿಲಿಗೂ ಒಂದು ದಾರ ಹಾಕ್ಕೊಡಮ್ಮ," ಎಂದ.

ಎಲ್ಲರೂ ಹೋದ ಮೇಲೆ ಗಡಗಡ ಇನ್ನೂ ಕೇಳಿಸುತ್ತಿತ್ತು. ನಿಲ್ಲಿಸಿ ಎಂದು ಯಾರೂ ಅತ್ತೆಗೆ ಹೇಳಿರಲಿಲ್ಲ. ಪೊಲೀಸಿನವನು ಮೇಲೆ ಬಂದಾಗಲೂ ಅವರು ತಲೆ ಎತ್ತಿರಲಿಲ್ಲವಂತೆ. ಅವಳು ಹತ್ತಿ ಬಂದಾಗ ಅವರ ಹಣೆಯಲ್ಲಿ ಬೆವರಿನ ಸಾಲು. ಮಷೀನಿನಡಿ ಇಪ್ಪತ್ತೆರಡನೆಯ ನಿಲುವಂಗಿಯ ಬಲದ ತೋಳು ಕೈ ತೂರಲು ಬಾಯಿಯೇ ಇಲ್ಲದ ಹಾಗೆ ಪೂರ್ತಿ ಹೊಲಿದುಹೋಗಿತ್ತು.

"ಸಿಕ್ಕಿದನಾ?"

"ಸಿಕ್ಕಿದ, ಅತ್ತೆ."

"ಅಯ್ಯೋ, ಕಾಲು ಬಿದ್ದುಹೋಯ್ತು," ಎಂದು ಅವರು ಸ್ಟೂಲಿನಿಂದ ಎದ್ದರು. ತಾವು ಹೊಲಿದದ್ದನ್ನು ಎತ್ತಿ ನೋಡಿದರು. "ಸೊಟ್ಟ ಮಾತ್ರ ಇಲ್ಲ ನೋಡು."

ಸಂಜೆಯ ಬೆಳಕು ಕಿಟಕಿಯಿಂದ ಮೇಜಿನ ಮೇಲೆ ಚಾಚಿಕೊಂಡಿತ್ತು. ಅವಳು ಆ ತೋಳನ್ನು ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ಹೊಲಿಗೆ ಬಿಚ್ಚಿದಳು. ಬಿಚ್ಚಿ, ಸರಿಯಾಗಿ ಕೂಡಿಸಿ, ಸೂಜಿಯಡಿ ಇಟ್ಟು, ಪೆಡಲು ತುಳಿದಳು. ಎದುರಿನ ಗೋಡೆಯಲ್ಲಿ ಕೆಂಪು ರೀಲು ತಿರುಗಿತು. ಒಂದು, ಎರಡು, ಮೂರು. ಅವಳು ತಲೆ ಎತ್ತಲಿಲ್ಲ. ರೀಲು ಏಳಕ್ಕೆ ನಿಂತಿತು, ಗುಂಡಿಗಳ ಪುಟ್ಟ ಚೀಲ ನಿಧಾನವಾಗಿ ಕೆಳಗಿಳಿಯತೊಡಗಿತು. ಹೊಲಿಗೆ ನೇರವಾಗಿ ತೋಳಿನ ತುದಿಯವರೆಗೆ ಹೋಯಿತು.