ಮೂಡುಬಿದಿರೆಯಲ್ಲೊಂದು ಬಂದರು

ಚರ್ಚಿನ ಗೋಪುರ ದಾಟಿದ ಮೇಲೆಯೇ ಎಂಜಿನ್ ಕೆಡಬೇಕು, ಅದಕ್ಕೆ ಮೊದಲು ಬೇಡ. ವಾಗ್ದೇವಿ ಪರದೆಯ ಮೇಲಿದ್ದ ಕೆಂಪು ಗುರುತನ್ನು ಇನ್ನಷ್ಟು ಮುಂದಕ್ಕೆ ಎಳೆದಳು. ಮೊದಲೇ ಕೆಟ್ಟರೆ ಮನುಷ್ಯನಿಗೆ ತಪ್ಪಿಸಿಕೊಳ್ಳಲು ನೀರು ಸಿಗುತ್ತದೆ. ಆ ದಿನ ಸಿಕ್ಕಿರಲಿಲ್ಲ. ಇವತ್ತೂ ಸಿಗಬಾರದು.

ಹೊರಗೆ ಸಿದ್ಧಕಟ್ಟೆ ಕಡೆಯ ಬಸ್ಸು ಹಾರ್ನ್ ಹಾಕುತ್ತ ಹೋಯಿತು. ಮೂಡುಬಿದಿರೆಯವರಿಗೆ ಸಮುದ್ರ ನೋಡಬೇಕೆಂದರೆ ಬಸ್ಸು ಹತ್ತಬೇಕು. ಆದರೂ ಇಲ್ಲಿ, ಒಂದು ಕಾಲಕ್ಕೆ ಗೇರುಬೀಜದ ಕಾರ್ಖಾನೆಯಾಗಿದ್ದ ಈ ಹಂಚಿನ ಕಟ್ಟಡದೊಳಗೆ, ಒಂದು ಬಂದರು ಉಂಟು. ದೀಪ ಆರಿಸಿ ಯಂತ್ರ ಚಾಲೂ ಮಾಡಿದರೆ ಮೂರು ಗೋಡೆಗಳ ತುಂಬ ನೀರು ಏಳುತ್ತದೆ. ನಡುವೆ ನಿಜವಾದ ಚುಕ್ಕಾಣಿ, ನಿಜವಾದ ಎಂಜಿನ್ ಹಿಡಿಕೆ. ಹಡಗು ನಡೆಸಲು ಕಲಿಯುವ ಮಕ್ಕಳು ಅಲ್ಲಿ ನಿಂತು ಸುಳ್ಳು ಅಲೆಗೆ ನಿಜವಾಗಿ ವಾಂತಿ ಮಾಡುತ್ತಾರೆ.

ವಾಗ್ದೇವಿಯ ಜಾಗ ಹಿಂದೆ, ಗಾಜಿನ ಕೋಣೆಯಲ್ಲಿ. ಮಂಜು ಇಳಿಸುವುದು, ಗಾಳಿ ಎಬ್ಬಿಸುವುದು, ಎಂಜಿನ್ ಕೆಡಿಸುವುದು ಅವಳ ಕೆಲಸ. ದೇವರು ಮಾಡುವ ಕೆಲಸ. ತಿಂಗಳ ಕೊನೆಗೆ ಸಂಬಳ.

“ಮೇಡಂ, ಹಾರ ಬಂತು. ಮಲ್ಲಿಗೆ ಹೇಳಿದ್ರೆ ಸೇವಂತಿಗೆ ಕಳಿಸಿದ್ದಾರೆ.” ಫಿದಾ ಬಾಗಿಲಲ್ಲಿ ನಿಂತಿದ್ದಳು. ಬಿಳಿ ಅಂಗಿಗೆ ಇಸ್ತ್ರಿ ಎಷ್ಟು ಗಟ್ಟಿ ಹಾಕಿದ್ದಳೆಂದರೆ ಕೈ ಮಡಚಿದಾಗ ಸದ್ದಾಗುತ್ತಿತ್ತು.

“ಯಾವುದಾದರೂ ಒಂದು. ಅವರ ಕುತ್ತಿಗೆಗೆ ಗೊತ್ತಾಗುವುದಿಲ್ಲ. ಒಳಗೆ ಬಾ.”

ಫಿದಾ ಬಂಟ್ವಾಳ ಪೇಟೆಯ ಹುಡುಗಿ. ಕಲಿಯುತ್ತಿರುವವರಲ್ಲಿ ಇವಳಷ್ಟು ಚೊಕ್ಕವಾಗಿ ಹಡಗು ತಿರುಗಿಸುವವರು ಬೇರೆ ಇಲ್ಲ. ಇವತ್ತು ಬರುವ ಅತಿಥಿ, ನಾರಾವಿಯ ಕ್ಯಾಪ್ಟನ್ ರವಿಶಂಕರ್, ತಾನು ನಿವೃತ್ತನಾದ ಕಂಪನಿಯ ಪ್ರವಾಸಿ ಹಡಗಿಗೆ ಇಲ್ಲಿಂದ ಒಬ್ಬರನ್ನು ಆರಿಸಿ ಹೋಗುವುದಿತ್ತು. ಒಬ್ಬರನ್ನು ಮಾತ್ರ. ಅದಕ್ಕೇ ಆ ಇಸ್ತ್ರಿ.

“ಮೊದಲು ಅವರೇ ಹಡಗು ನಡೆಸುತ್ತಾರೆ,” ವಾಗ್ದೇವಿ ಹೇಳಿದಳು. “ನೀನು ಪಕ್ಕದಲ್ಲಿ ನಿಲ್ಲು. ವೇಗ ಜಾಸ್ತಿ ಕಂಡರೆ ಹೇಳು. ತುಳುವಿನಲ್ಲಿ ಹೇಳು.”

“ತುಳುವಿನಲ್ಲಾ?” ಫಿದಾ ನಕ್ಕಳು. “ಬ್ರಿಜ್‌ನಲ್ಲಿ ಇಂಗ್ಲಿಷ್ ಬಿಟ್ಟು ಒಂದಕ್ಷರ ಬರಬಾರದು ಅಂತ ನಮ್ಮ ಬಾಯಿಗೆ ಹೊಲಿಗೆ ಹಾಕಿದ್ದು ನೀವೇ ಅಲ್ವಾ ಮೇಡಂ?”

“ಇವತ್ತು ಒಂದು ದಿನ ಬಿಚ್ಚು.”

“ಅವರಿಗೆ ಸಿಟ್ಟು ಬಂದ್ರೆ? ಮತ್ತೆ ನನ್ನನ್ನು ತೆಗೊಳ್ತಾರಾ? ಮನೆಯಲ್ಲಿ ಉಮ್ಮ ಬೆಳಿಗ್ಗೆಯಿಂದ ನಮಾಜಿನ ಮುಸಲ್ಲಾ ಬಿಟ್ಟು ಎದ್ದಿಲ್ಲ.”

“ಸಿಟ್ಟು ಬರುವುದಿಲ್ಲ. ಅವರಿಗೆ ತುಳು ಅಂದ್ರೆ ಪ್ರೀತಿ.”

ಸುಳ್ಳಲ್ಲ. ಆ ಪ್ರೀತಿಯಿಂದಲೇ ಎಲ್ಲವೂ ಆದದ್ದು.

ವರ್ಷಗಳ ಹಿಂದೆ ಆ ಕಂಪನಿಯ ಹದಿಮೂರು ಅಂತಸ್ತಿನ ಹಡಗಿನಲ್ಲಿ, ಎಲ್ಲಿಂದೆಲ್ಲಿಂದಲೋ ಬಂದ ಜನರ ನಡುವೆ, ತುಳು ಬಲ್ಲವರು ಇಬ್ಬರೇ ಇದ್ದರು: ಕ್ಯಾಪ್ಟನ್, ಮತ್ತು ಮೂರನೆಯ ಅಧಿಕಾರಿ ವಾಗ್ದೇವಿ. ಬ್ರಿಜ್ ಎಂದರೆ ಹಡಗು ನಡೆಸುವ ಕೋಣೆ. ಅಲ್ಲಿ ಆಡುವ ಮಾತೆಲ್ಲ ಯಂತ್ರದಲ್ಲಿ ದಾಖಲಾಗುತ್ತದೆ, ಇಂಗ್ಲಿಷನ್ನೇ ಆಡಬೇಕು. ಕ್ಯಾಪ್ಟನ್ ಮಾತ್ರ ರಾತ್ರಿಪಾಳಿಯಲ್ಲಿ ಮೆಲ್ಲ ಬಂದು ಪಕ್ಕ ನಿಂತು ತುಳು ಎತ್ತುತ್ತಿದ್ದ. ಯಾವ ಭೂತಕೋಲದಲ್ಲಿ ಯಾರು ವೇಷ ಕಟ್ಟಿದ್ದರು, ಬಂಗುಡೆ ಮೀನಿಗೆ ಹುಳಿ ಎಷ್ಟು. ಅವಳಿಗೂ ಹಿತವಾಗುತ್ತಿತ್ತು. ನಡುಗಡಲಲ್ಲಿ ಯಾರೋ ಮನೆಯ ಬಾಗಿಲು ತೆರೆದ ಹಾಗೆ.

ಆ ದಿನ ಹಡಗು ಹೊಕ್ಕ ಪರದೇಶದ ಬಂದರು ಹಾಯಿದೋಣಿಗಳ ಕಾಲದ್ದು. ಕಲ್ಲಿನ ಕಟ್ಟೆ, ಕಟ್ಟೆಗೆ ಅಂಟಿಕೊಂಡೇ ಚರ್ಚು, ಹಳದಿ ಮನೆಗಳು, ನೀರಿನ ತುಂಬ ಸಣ್ಣ ದೋಣಿಗಳು. ಹದಿಮೂರು ಅಂತಸ್ತು ಅಲ್ಲಿ ಹೋಗುವುದೆಂದರೆ ಪೂಜೆಯ ಕೋಣೆಗೆ ಲಾರಿ ನುಗ್ಗಿಸಿದಂತೆ. ಆದರೆ ಪ್ರಯಾಣಿಕರಿಗೆ ಫೋಟೋ ಬೇಕು. ಕ್ಯಾಪ್ಟನ್ ಕಟ್ಟೆಯ ಹತ್ತಿರವೇ ತಂದ. ಮೇಲಿನ ಅಂತಸ್ತಿನಲ್ಲಿ ಸಂಗೀತ ಹಾಕಿಸಿದ. ವಾಗ್ದೇವಿ ವೇಗ ನೋಡಿದಳು. ಹೆದರಿಕೆಯಾಯಿತು. ಹೆದರಿಕೆ ತುಳುವಿನಲ್ಲೇ ಬಾಯಿಗೆ ಬಂತು.

“ಸ್ಪೀಡ್ ಜಾಸ್ತಿ ಆಂಡ್ ಸರ್, ಕಮ್ಮಿ ಮಲ್ಪುಲೆ.”

“ದಾಲ ಆಪುಜಿ,” ಎಂದ ಅವನು. ಏನೂ ಆಗುವುದಿಲ್ಲ.

ಆಮೇಲೆ ಎಂಜಿನ್ ಕೆಟ್ಟಿತು. ವೇಗ ಕಡಿಮೆ ಇದ್ದಿದ್ದರೆ ಹಡಗಿಗೆ ಹಗ್ಗ ಕಟ್ಟಿ ಎಳೆಯುವ ಟಗ್ ದೋಣಿಗಳಾದರೂ ತಡೆಯುತ್ತಿದ್ದವು. ಕಟ್ಟೆಗೆ ಕಟ್ಟಿದ್ದ ಸಣ್ಣ ವಿಹಾರದೋಣಿ ಹಡಗಿಗೂ ಕಲ್ಲಿಗೂ ನಡುವೆ ಹಪ್ಪಳವಾಯಿತು. ಅದರ ಟಿಕೇಟು ಮಾರುವ ಹೆಂಗಸು ಸತ್ತಳು. ಅವಳ ಹೆಸರನ್ನು ಸರಿಯಾಗಿ ಉಚ್ಚರಿಸಲು ವಾಗ್ದೇವಿಗೆ ಇವತ್ತಿಗೂ ಬರುವುದಿಲ್ಲ. ಪ್ರಯತ್ನಿಸಿಯೂ ಇಲ್ಲ.

ವಿಚಾರಣೆಯಲ್ಲಿ ಆ ದಾಖಲೆ ಹಾಕಿದರು. ಸಂಗೀತದ ನಡುವೆ ಅರ್ಧಂಬರ್ಧ ಒಂದು ಹೆಣ್ಣುದನಿ. ಏನು ಹೇಳುತ್ತಿದ್ದಾಳೆ ಎಂದು ಕ್ಯಾಪ್ಟನನ್ನು ಕೇಳಿದರು.

“ಊರಿನ ಮಾತು,” ಎಂದನಂತೆ ಅವನು. “ಅವಳಿಗೆ ಮನೆಯ ನೆನಪು ಜಾಸ್ತಿ.”

ಅವಳ ಸರದಿ ಬಂದಾಗ ಅವಳು ನಿಜ ಹೇಳಿದಳು. ಎಚ್ಚರಿಸಿದ್ದು ಹೌದಾದರೆ ಹಡಗಿನ ಭಾಷೆಯಲ್ಲಿ ಏಕೆ ಎಚ್ಚರಿಸಲಿಲ್ಲ ಎಂದು ಕೇಳಿದರು. ಅವಳ ಲೈಸೆನ್ಸು ಅಮಾನತಾಯಿತು. ಅವನು ಗೌರವದಿಂದ ನಿವೃತ್ತನಾದ.

ಅಜ್ಜಿ ಹೇಳುತ್ತಿದ್ದ ಕಥೆಗಳಲ್ಲಿ ಸೇಡು ಎಷ್ಟು ಸಲೀಸಾಗಿತ್ತು! ಬಾವಿಗೆ ನೂಕಿಸಿಕೊಂಡ ತಂಗಿ ಬಳ್ಳಿಯಾಗಿ ಹುಟ್ಟುತ್ತಿದ್ದಳು. ಹೂ ಕೊಯ್ಯಲು ಬಂದ ರಾಜನಿಗೆ ಬಳ್ಳಿಯೇ ಎಲ್ಲವನ್ನೂ ಹೇಳಿಬಿಡುತ್ತಿತ್ತು. ರಾಜ ಕೇಳಿ ಕತ್ತಿ ತೆಗೆಯುತ್ತಿದ್ದ. ನೀನು ಮಾತಾಡುತ್ತಿರುವುದು ಯಾವ ಭಾಷೆ ಎಂದು ಬಳ್ಳಿಯನ್ನು ಅವನು ಕೇಳಿದ್ದೇ ಇಲ್ಲ.

ಫೋನು ಗುಂಯ್‌ಗುಟ್ಟಿತು. ಅಪ್ಪ.

“ಬಂದ್ರಾ ಅವರು?”

“ಇಲ್ಲ ಅಪ್ಪ.”

“ನಾನು ಕೇಳಿದೆ ಅಂತ ಹೇಳು. ಮತ್ತೆ ಹಳೆಯದೆಲ್ಲ ಕೆದಕ್ಲಿಕ್ಕೆ ಹೋಗ್ಬೇಡ ಆಯ್ತಾ. ಅವರೂ ನಮ್ಮ ಕಡೆಯವರೇ. ನಾಳೆ ಮದುವೆ ಮುಂಜಿಯಲ್ಲಿ ಮುಖ ನೋಡ್ಲಿಕ್ಕೆ ಉಂಟು.”

“ಮುಖ ನೋಡ್ಲಿಕ್ಕೇ ಕಾಯ್ತಾ ಇದ್ದೇನೆ.”

“ಎಂಥ?”

“ಏನಿಲ್ಲ. ಇಡ್ತೇನೆ.”

ಅವಳಿಗೆ ಬೇಕಾದದ್ದು ಹೆಚ್ಚೇನಲ್ಲ. ಅದೇ ಬಂದರು, ಅದೇ ಹಡಗು. ಹುಡುಗಿಯೊಬ್ಬಳು ತುಳುವಿನಲ್ಲಿ ಎಚ್ಚರಿಸಬೇಕು. ಅವನು ತುಳುವಿನಲ್ಲೇ ಉತ್ತರಿಸಿ, ಕೇಳದೆ ಹೋಗಿ, ಎಲ್ಲರೆದುರು ಗುದ್ದಬೇಕು. ಇಲ್ಲಿಯೂ ಮಾತು ದಾಖಲಾಗುತ್ತದೆ. ಹಿಂದೆ ನಿಂತು ನೋಡುವ ಅಷ್ಟೂ ಮಕ್ಕಳಿಗೆ ತುಳು ಬರುತ್ತದೆ. ಅವನ ಬಾಯಿಂದಲೇ ಅನುವಾದ ಕೇಳಬೇಕಾದ ಗತಿ ಇಲ್ಲಿ ಯಾರಿಗೂ ಇಲ್ಲ.

ಕ್ಯಾಪ್ಟನ್ ಬಂದ. ಸೇವಂತಿಗೆ ಹಾರ ಹಾಕಿಸಿಕೊಂಡ. ಪ್ರಿನ್ಸಿಪಾಲರ ಭಾಷಣದ ನಡುವೆಯೇ ಅವಳನ್ನು ಕಂಡು ಕೈಯೆತ್ತಿದ. ಅವನು ಬದಲಾಗಿರಲಿಲ್ಲ. ಅದೂ ಒಂದು ಅನ್ಯಾಯವೆನಿಸಿತು.

“ನಮ್ಮ ವಾಗ್ದೇವಿ! ಎಂಥ ಮಾರಾಯ್ತಿ, ಇಷ್ಟು ಸಪೂರ ಆಗಿದ್ದಿ? ಇವರು ಊಟ ಗೀಟ ಹಾಕ್ತಾರಾ ಇಲ್ವಾ?”

“ಹಾಕ್ತಾರೆ ಸರ್.”

“ಅಪ್ಪ ಹೇಗಿದ್ದಾರೆ?”

“ಕೇಳಿದ್ರು ಅಂತ ಹೇಳ್ಲಿಕ್ಕೆ ಹೇಳಿದ್ರು.”

“ಒಳ್ಳೆ ಜನ. ತಗೋ, ನಿನ್ನ ಆಂಟಿ ಕಳಿಸಿದ್ದು. ಹಲಸಿನ ಹಪ್ಪಳ. ವಾಗ್ದೇವಿಗೆ ಅಂತಲೇ ಬೇರೆ ಕಟ್ಟಿಟ್ಟಿದ್ದಾಳೆ.”

ಅವಳು ತೆಗೆದುಕೊಂಡಳು. ಬೇರೇನು ಮಾಡಬೇಕು? ಸೇಡು ತೀರಿಸಲು ಹೊರಟವಳ ಎರಡೂ ಕೈಯಲ್ಲಿ ಹಪ್ಪಳದ ಕಟ್ಟು. ಮುರಿಯಬಾರದೆಂದು ಗಾಜಿನ ಕೋಣೆಯವರೆಗೆ ಮಗುವನ್ನು ಎತ್ತಿಕೊಂಡಂತೆ ಹೋದಳು. ತನ್ನ ಮೇಲೆಯೇ ಹೇಸಿಗೆಯಾಯಿತು.

ದೀಪ ಆರಿತು. ನೀರು ಎದ್ದಿತು.

ಅವನು ಚುಕ್ಕಾಣಿಯ ಮೇಲೆ ಕೈಯಿಟ್ಟು ನಿಂತ. ಪಕ್ಕದಲ್ಲಿ ಫಿದಾ. ಹಿಂದೆ ಮಕ್ಕಳ ಸಾಲು. ಎದುರಿನ ಗೋಡೆಯಲ್ಲಿ ಹಳದಿ ಮನೆಗಳು ಬೆಳಕಿಗೆ ಬಂದವು.

“ಇದು ಯಾವ ಊರು?” ಅವನು ಕೇಳಿದ.

ವಾಗ್ದೇವಿ ಮೈಕಿನಲ್ಲಿ ಹೇಳಿದಳು: “ಒಂದು ಹಳೆಯ ಬಂದರು, ಸರ್.”

“ಚೆಂದ ಉಂಟು.”

ಗಾಜಿನಾಚೆ ಅವನ ಹಿಂಗತ್ತು ಮಾತ್ರ ಕಾಣುತ್ತಿತ್ತು. ನೀಟಾಗಿ ಕತ್ತರಿಸಿದ ಬಿಳಿಗೂದಲು, ಹಾರದ ಎರಡು ಎಸಳು. ಗುರುತು ಸಿಗಲಿಲ್ಲವೋ, ಸಿಕ್ಕಿಯೂ ಹಾಗೆ ಕೇಳಿದನೋ? ಮರೆತುಬಿಡುವುದು ಸಾಧ್ಯವೆಂದು ಅವಳು ಈವರೆಗೆ ಯೋಚಿಸಿಯೇ ಇರಲಿಲ್ಲ. ಇಷ್ಟು ವರ್ಷ ತಾನೊಬ್ಬಳೇ ಆ ಊರಿನಲ್ಲಿ ವಾಸವಾಗಿದ್ದೆನೆ?

ಅವನು ನಡೆಸಿದ. ಮೆಲ್ಲಗೆ, ಎಚ್ಚರಿಕೆಯಿಂದ, ಪುಸ್ತಕದಲ್ಲಿ ಬರೆದ ಹಾಗೆ. ಕಟ್ಟೆಯಿಂದ ದೂರ ಇಟ್ಟ. ಫಿದಾಳಿಗೆ ಎಚ್ಚರಿಸಲು ಏನೂ ಸಿಗಲಿಲ್ಲ. ಮಕ್ಕಳನ್ನು ನಗಿಸುತ್ತ, ಯಾವುದೋ ದೇಶದಲ್ಲಿ ಅಡುಗೆಯವನು ಸಾಂಬಾರಿಗೆ ಚಾಕೊಲೇಟು ಹಾಕಿದ ಕಥೆ ಹೇಳುತ್ತ ಬಂದ. ಚರ್ಚಿನ ಗೋಪುರ ಹತ್ತಿರವಾಯಿತು.

ಅಷ್ಟರಲ್ಲಿ ಅವನು ಚುಕ್ಕಾಣಿಯಿಂದ ಕೈ ತೆಗೆದ.

“ಮುದುಕನ ಆಟ ಸಾಕು. ನಾನು ಬಂದದ್ದು ಇವರನ್ನು ನೋಡ್ಲಿಕ್ಕೆ. ಬಾ ಮಗಾ, ನಿನ್ನ ಹೆಸರು ಎಂಥ? ಫಿದಾ? ಹಿಡ್ಕೊ. ಕಂಪನಿಯವರಿಗೆ ನಾನು ಏನು ಹೇಳ್ಬೇಕು ಅಂತ ನೀನೇ ತೋರಿಸು.”

ಫಿದಾ ತಿರುಗಿ ಗಾಜಿನತ್ತ ನೋಡಿದಳು. ಕತ್ತಲಲ್ಲೂ ಅವಳ ಮುಖ ಬೆಳಗಿದ್ದು ಕಂಡಿತು. ಚುಕ್ಕಾಣಿ ಹಿಡಿದಳು. ವೇಗವನ್ನು ತುಸು ಏರಿಸಿದಳು. ಕೈಲಾಗುವುದನ್ನು ತೋರಿಸಬೇಕಲ್ಲ.

ಕೆಂಪು ಗುರುತನ್ನು ಅಳಿಸಲು ಒಂದು ಗುಂಡಿ ಸಾಕು. ವಾಗ್ದೇವಿಯ ಬೆರಳು ಅದರ ಮೇಲೇ ಇತ್ತು. ಅಳಿಸಿದರೆ ಏನಾಗುತ್ತದೆ? ಫಿದಾ ಹಡಗನ್ನು ಚೊಕ್ಕವಾಗಿ ಕಟ್ಟೆಗೆ ತಂದು ನಿಲ್ಲಿಸುತ್ತಾಳೆ. ಅವನು ಚಪ್ಪಾಳೆ ತಟ್ಟಿ, ಊಟ ಮುಗಿಸಿ, ಹುಡುಗಿಯೊಬ್ಬಳ ಬಾಳು ಬೆಳಗಿದ ಪುಣ್ಯ ಕಟ್ಟಿಕೊಂಡು ನಾರಾವಿಗೆ ಹೋಗಿ ಮಲಗುತ್ತಾನೆ. ಚೆನ್ನಾಗಿ ನಿದ್ದೆ ಬರುತ್ತದೆ ಅವನಿಗೆ.

ಅಳಿಸದಿದ್ದರೆ ಅವನು ನೋಡುತ್ತಾನೆ. ನೋಡಲಿ. ಪಕ್ಕದಲ್ಲಿ ನಿಂತು ನೋಡಲಿ.

ಗೋಪುರ ದಾಟಿತು.

“ಎಂಜಿನ್ ನಾಟ್ ರೆಸ್ಪಾಂಡಿಂಗ್,” ಫಿದಾ ಹೇಳಿದಳು. ಕಲಿಸಿದ ಹಾಗೆ ಸ್ಪಷ್ಟವಾಗಿ. ಹಿಡಿಕೆ ಹಿಂದಕ್ಕೆ ಎಳೆದಳು. ಮತ್ತೆ ಎಳೆದಳು. ವೇಗ ಇಳಿಯಲಿಲ್ಲ. ಹಿಂದೆ ಯಾರೋ ಕಿಸಕ್ಕೆಂದರು. “ಮೇಡಂ? ಎಂಜಿನ್…” ಇಂಗ್ಲಿಷ್ ಅಲ್ಲಿಗೇ ಮುಗಿಯಿತು. “ಮೇಡಂ, ಇಂಜಿನ್ ಕೇಣುಜಿ! ದಾನೆ ಮಲ್ಪೊಡು?”

ಎಂಜಿನ್ ಕೇಳುತ್ತಿಲ್ಲ, ಏನು ಮಾಡಲಿ. ವಾಗ್ದೇವಿಗೆ ಪ್ರತಿ ಅಕ್ಷರವೂ ಅರ್ಥವಾಯಿತು. ಮೈಕು ಅವಳ ಬಾಯಿಗೆ ತಾಗುವಷ್ಟು ಹತ್ತಿರವಿತ್ತು.

ಆಗ ಕ್ಯಾಪ್ಟನ್ ತಿರುಗಿದ. ಫಿದಾಳತ್ತ ಅಲ್ಲ, ಪರದೆಯತ್ತ ಅಲ್ಲ, ನೇರವಾಗಿ ಗಾಜಿನತ್ತ. ನಗು ಇರಲಿಲ್ಲ. ಆ ಮುಖಕ್ಕಾಗಿಯೇ ಅವಳು ಕಾದಿದ್ದು. ಅದು ಒಬ್ಬ ದಣಿದ ಮುದುಕನ ಮುಖವಾಗಿತ್ತು, ಅಷ್ಟೇ. ಅದರಲ್ಲಿ ಅವಳಿಗೆಂದು ತೆಗೆದಿಟ್ಟದ್ದು ಏನೂ ಕಾಣಲಿಲ್ಲ.

“ಆ ಬಾಲೆನ್ ಬುಡ್ಲ, ವಾಗ್ದೇವಿ,” ಎಂದ ಅವನು ಮೆಲ್ಲಗೆ. ಆ ಮಗುವನ್ನು ಬಿಟ್ಟುಬಿಡು.

ಅವನಿಗೆ ಎಲ್ಲವೂ ಗೊತ್ತಿತ್ತು. ಊರು ಯಾವುದೆಂದು ಕೇಳುವಾಗಲೇ ಗೊತ್ತಿತ್ತು.

ಅವಳು ಗುಂಡಿ ಒತ್ತಿದಳು. ಮೈಕಿನದ್ದು.

“ಇಂಗ್ಲಿಷಿನಲ್ಲಿ ಹೇಳಿ, ಸರ್. ರೆಕಾರ್ಡ್ ಆಗ್ತಾ ಉಂಟು.”

ಕ್ಯಾಪ್ಟನ್ ತಲೆ ತಗ್ಗಿಸಿ ಒಂದು ಹೆಜ್ಜೆ ಹಿಂದೆ ಸರಿದ. ಗೆದ್ದೆ, ಎಂದುಕೊಂಡಳು ವಾಗ್ದೇವಿ. ಎಂದುಕೊಂಡು, ಮೈಯೊಳಗೆ ಎಲ್ಲಿಯಾದರೂ ಅದು ಇಳಿಯುತ್ತದೆಯೋ ಎಂದು ಕಾದಳು.

ಹಡಗು ಕಟ್ಟೆಗೆ ತಾಗುವ ಮೊದಲೇ ಆಟವನ್ನು ನಿಲ್ಲಿಸುವುದು ಇಲ್ಲಿಯ ಕ್ರಮ. ಗುದ್ದಿದ ಮೇಲೆ ಏನಾಗುತ್ತದೆಂದು ಯಾರೂ ನೋಡಿದವರಿಲ್ಲ. ವಾಗ್ದೇವಿ ನಿಲ್ಲಿಸಲಿಲ್ಲ.

ಸದ್ದೇ ಆಗಲಿಲ್ಲ. ಗುದ್ದುವ ಸದ್ದನ್ನು ಅದರೊಳಗೆ ಯಾರೂ ಹಾಕಿರಲಿಲ್ಲ. ಕಟ್ಟೆಯ ಮೇಲೆ ನಿಂತಿದ್ದ ಬಣ್ಣದ ಜನ ಓಡಲಿಲ್ಲ, ಕೈಬೀಸುತ್ತಲೇ ಇದ್ದರು. ಹಡಗು ಅವರ ಮೂಲಕ ಹಾದುಹೋಯಿತು. ಆಮೇಲೂ ಅವರು ಹಡಗಿಲ್ಲದ ನೀರಿಗೆ ಕೈಬೀಸುತ್ತಿದ್ದರು. ಚರ್ಚಿನ ಗೋಡೆ ಹಾದುಹೋಯಿತು. ಹಳದಿ ಮನೆಗಳು ಹಾಯ್ದವು. ಅವುಗಳಿಗೆ ಹಿಂಬದಿ ಇರಲಿಲ್ಲ. ಒಳಗೆ ಮಂಚವಿಲ್ಲ, ಒಲೆಯಿಲ್ಲ, ಗೋಡೆಯಷ್ಟೇ; ಗೋಡೆಯ ಆಚೆ ಊರೇ ಇಲ್ಲ. ನೀರೂ ಅಲ್ಲದ, ನೆಲವೂ ಅಲ್ಲದ ಬೂದು ಬಣ್ಣವೊಂದು ಮೂರೂ ಗೋಡೆಗಳನ್ನು ತುಂಬಿತು. ಅದರೊಳಗೆ ಹದಿಮೂರು ಅಂತಸ್ತಿನ ಹಡಗು ಅಲೆಯೊಂದನ್ನೂ ಎಬ್ಬಿಸದೆ, ಅದೇ ವೇಗದಲ್ಲಿ ಮುಂದೆ ಹೋಗುತ್ತಿತ್ತು.

ಫಿದಾ ಚುಕ್ಕಾಣಿ ಬಿಟ್ಟಿರಲಿಲ್ಲ. ಇಸ್ತ್ರಿಯ ತೋಳಿನಿಂದ ಒಮ್ಮೆ ಮುಖ ಒರೆಸಿಕೊಂಡು, ಎದುರಿನ ಖಾಲಿಯನ್ನು ನೋಡುತ್ತ, ಚೂರು ಎಡಕ್ಕೆ, ಚೂರು ಬಲಕ್ಕೆ, ಯಾವುದನ್ನೋ ತಪ್ಪಿಸುವವಳ ಹಾಗೆ ತಿರುಗಿಸುತ್ತಲೇ ಇದ್ದಳು.